ಮುಂದಿನ ಸ್ಟಾಪು ಹಿರೀಸಾವೆ

ದೊಡ್ಡಪ್ಪನ ಎಡಗೈ ಬೆರಳುಗಳ ಸಂದಿಯಲ್ಲಿ ಯಾವಾಗಲೂ ಏನಾದರೊಂದು ಕಾಗದ ಉದ್ದುದ್ದಕ್ಕೆ ಮಡಚಿ ಸಿಕ್ಕಿಸಿಕೊಂಡಿರುತ್ತಿತ್ತು. ಗ್ಯಾಸ್ ಸ್ಟೇಷನ್ನಿನ ರಸೀದಿ, ಡಾಕ್ಟರರ ಚೀಟಿ, ಏನೂ ಇಲ್ಲದಿದ್ದರೆ ಕಾಫಿ ಅಂಗಡಿಯ ಪೇಪರ್ ನ್ಯಾಪ್ಕಿನ್ನು. ಮಾತಾಡುವಾಗ, ನಡೆಯುವಾಗ, ಕೊನೆಗೆ ಕೂತಲ್ಲೇ ತೂಕಡಿಸುವಾಗಲೂ ಅದು ಜಾರುತ್ತಿರಲಿಲ್ಲ. ಕಂಡಕ್ಟರ್ ಕೆಲಸ ಬಿಟ್ಟು ಒಂದು ತಲೆಮಾರೇ ಕಳೆದಿತ್ತು. ಆ ಸುದ್ದಿಯನ್ನು ಬೆರಳುಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅವರ ಮುಖ ಕಾಣುವ ಮೊದಲೇ ನನಗೆ ಅವರ ಧ್ವನಿ ಕೇಳಿತ್ತು. ಡಾಟ್ ಕಾಮ್ ಕಂಪನಿಗಳು ನಾಯಿಕೊಡೆಗಳಂತೆ ಎದ್ದಿದ್ದ ಕಾಲ. ಊರಿಂದ ಬಂದು ಇನ್ನೂ ವರ್ಷ ತುಂಬಿರದ ನಾನು ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯ ಮುಂದೆ ಹೆದರಿಕೊಂಡೇ ಕಾರು ಹಿಂದಕ್ಕೆ ತೆಗೆಯುತ್ತಿದ್ದೆ. ಯಾರೋ ಕಾರಿನ ಬೆನ್ನಿಗೆ ಅಂಗೈ ಬಡಿದು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದರು. ಗಕ್ಕನೆ ಬ್ರೇಕ್ ತುಳಿದೆ. ಕನ್ನಡಿಯಲ್ಲಿ ನೋಡಿದರೆ ತೆಳ್ಳನೆಯ ಮುದುಕರೊಬ್ಬರು, ತಲೆಗೆ ಬೇಸ್‌ಬಾಲ್ ಟೊಪ್ಪಿಗೆ, ಹಿಂದೆ ಪಾರ್ಕಿಂಗ್ ಲಾಟಿನ ಅರ್ಧ ಸಾಲನ್ನೇ ನುಂಗಿ ನಿಂತ ಬಸ್ಸಿನಂಥ ಒಂದು ಬಿಳಿ ಆರ್‌ವಿ. ಇಳಿದು ನಮಸ್ಕಾರ ಮಾಡಿ, ಮಂಡ್ಯದವನೆಂದು ಹೇಳಿ, "ಥ್ಯಾಂಕ್ಸ್ ಅಂಕಲ್" ಎಂದೆ.

"ಅಂಕಲ್ಲು ಗಿಂಕಲ್ಲು ಎಲ್ಲ ಬ್ಯಾಡ ಕಣಪ್ಪ. ಮಂಡ್ಯದೋನು ಅಂತೀಯ, ದೊಡ್ಡಪ್ಪ ಅನ್ನಕ್ಕೆ ಬಾಯಿ ಬರಾಕಿಲ್ವಾ?"

ಅಂದಿನಿಂದ ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡವ್ವ. ಆರ್‌ವಿಯೇ ಅವರ ಮನೆ. ಒಳಗೆ ಮಂಚ, ಒಲೆ, ಬಚ್ಚಲು, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟದೊಂದು ಗಣಪತಿ. ನಿವೃತ್ತರಾದ ಮೇಲೆ ಗಂಡಹೆಂಡತಿ ಇದ್ದ ಮನೆ ಮಾರಿ, ಗಾಡಿ ಕೊಂಡು, ಅಮೆರಿಕವನ್ನೆಲ್ಲ ಸುತ್ತಲು ಹೊರಟವರಂತೆ. ನಮ್ಮ ಕನ್ನಡದವರ ಗುಂಪಿನಲ್ಲಿ ಅವರ ಮಾತು ಬಂದರೆ ಎಲ್ಲರ ಬಾಯಲ್ಲೂ ನೀರೂರುತ್ತಿತ್ತು. "ಲೈಫ್ ಅಂದ್ರೆ ಅವರದ್ದು ನೋಡಿ, ಮಾರ್ಟ್ಗೇಜು ಇಲ್ಲ, ಬಾಸು ಇಲ್ಲ, ಇಷ್ಟ ಬಂದ ಕಡೆ ಹೋಗ್ತಾರೆ" ಎಂದು ಸ್ಯಾನ್ ರಮೋನಿನ ದೊಡ್ಡ ಮನೆಯೊಂದರ ಯಜಮಾನರು ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರೂ ಒಂದು ದಿನ ಆ ಗಾಡಿಯೊಳಗೆ ಕೂತು ನೋಡಿದವರಲ್ಲ.

ನಾನು ಕೂತೆ. ಮುದ್ದೆ, ಬಸ್ಸಾರು ಮಾಡುತ್ತೇನೆ ಬಾ ಎಂದು ದೊಡ್ಡಪ್ಪ ಕರೆದಿದ್ದರು. ಊಟ ಮುಗಿಯುವುದರೊಳಗೆ ದೊಡ್ಡವ್ವ ಎದ್ದು ವ್ಯಾನಿಟಿ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ಹಿಡಿ ಅಲ್ಲಾಡಿಸತೊಡಗಿದರು. "ಯಾಕೆ ನಿಂತೈತೆ ಬಸ್ಸು? ಕತ್ತಲಾಗೋದ್ರೊಳಗೆ ಊರು ಸೇರ್ಬೇಕು ನಾನು." ದೊಡ್ಡಪ್ಪ ಅರ್ಧ ಉಂಡ ತಟ್ಟೆಯನ್ನು ಸಿಂಕಿಗೆ ಹಾಕಿ, ಕೈ ತೊಳೆದು, ಸ್ಟೀರಿಂಗಿನ ಮುಂದೆ ಕೂತರು. ಗಾಡಿ ಫ್ರೀವೇ ಹತ್ತಿದೊಡನೆ ದೊಡ್ಡವ್ವ ಕಿಟಕಿಯ ಪಕ್ಕ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೆಮ್ಮದಿಯಾಗಿ ಹೇಳಿದರು: "ಕಂಡಕ್ಟ್ರೇ, ಹಿರೀಸಾವೆ ಬಂದ್ರೆ ಹೇಳಿ. ನಂಗೆ ನಿದ್ದೆ ಹತ್ತಿಬಿಡ್ತದೆ."

"ಹೇಳ್ತೀನಿ ಸಿಸ್ಟರ್. ಆರಾಮಾಗಿ ಕೂತ್ಕಳಿ."

ಮುದುಕ ಮುದುಕಿಯ ತಮಾಷೆ ಎಂದುಕೊಂಡು ನಾನು ನಕ್ಕೆ. ದೊಡ್ಡಪ್ಪ ನಗಲಿಲ್ಲ.

ಕತೆ ಹೀಗಿತ್ತು. ದೊಡ್ಡವ್ವ ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸು. ತವರು ಹಿರೀಸಾವೆ. ರಜೆಗೆ ಊರಿಗೆ ಹೋಗುವಾಗೆಲ್ಲ ಹಾಸನದ ಸರ್ಕಾರಿ ಬಸ್ಸು. ಅದರ ಕಂಡಕ್ಟರು ದೊಡ್ಡಪ್ಪ. ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿ ಬಸ್ಸಿನಲ್ಲಿ ನಿದ್ದೆ ಹೋಗುತ್ತಿದ್ದಳು, ಊರು ಬಂದಾಗ ಎಬ್ಬಿಸುವ ಕೆಲಸ ಕಂಡಕ್ಟರದು. "ಒಂದ್ಸಲ ಬೇಕಂತಲೇ ಎಬ್ಬಿಸ್ನಿಲ್ಲ ಕಣಪ್ಪ, ಚನ್ನರಾಯಪಟ್ಣದ ಗಂಟ ಕರ್ಕಂಡೋದೆ. ಬೈದ್ಲು ನೋಡು! ಅಲ್ಲೇ ತೀರ್ಮಾನ ಮಾಡ್ದೆ" ಎಂದು ದೊಡ್ಡಪ್ಪ ಹೇಳುತ್ತಿದ್ದರು. ಮದುವೆಯಾಯಿತು. ಅಮೆರಿಕದವರು ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲಕ್ಕೆ ದೊಡ್ಡವ್ವ ಓಕ್‌ಲ್ಯಾಂಡಿಗೆ ಬಂದರು, ಬೆನ್ನ ಹಿಂದೆ ದೊಡ್ಡಪ್ಪ ಬಂದು ಸಿಟಿ ಬಸ್ಸಿನ ಡ್ರೈವರಾದರು. ಮಕ್ಕಳಾಗಲಿಲ್ಲ. ಜೀವನವಿಡೀ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದವರಿಗೆ ರೂಟಿಲ್ಲದ ದಾರಿಯಲ್ಲಿ ಓಡಿಸುವ ಆಸೆ. ಮೊದಲೆರಡು ವರ್ಷ ನಿಜವಾಗಿಯೂ ಸುತ್ತಿದರು. ಆಮೇಲೆ ದೊಡ್ಡವ್ವನಿಗೆ ಮರೆವು ಹತ್ತಿತು. ಅಮೆರಿಕ ಮರೆಯಿತು, ಇಂಗ್ಲಿಷು ಮರೆಯಿತು, ಮದುವೆಯೂ ಮರೆಯಿತು. ಉಳಿದದ್ದು ಊರಿಗೆ ಹೋಗುವ ಬಸ್ಸು ಮತ್ತು ಅದರ ಕಂಡಕ್ಟರು.

ಗಾಡಿ ಓಡುತ್ತಿದ್ದರೆ ಆಕೆ ಶಾಂತ. ನಿಂತರೆ ಗಾಬರಿ, ಅಳು, ಬಾಗಿಲು ಬಡಿಯುವುದು. ಅದರಲ್ಲೂ ಹೊತ್ತು ಇಳಿಯುವಾಗ ಹಿಡಿಯುವುದೇ ಕಷ್ಟ. ಹಾಗಾಗಿ ದಿನಾ ಮಧ್ಯಾಹ್ನದ ಮೇಲೆ ಫ್ರೀಮಾಂಟಿನಿಂದ ಇಂಟರ್‌ಸ್ಟೇಟ್ ಆರುನೂರ ಎಂಬತ್ತನ್ನು ಹಿಡಿದು ಉತ್ತರಕ್ಕೆ ಹೊರಡುವರು. ದೊಡ್ಡಪ್ಪ ಸ್ಟೀರಿಂಗ್ ಹಿಡಿದೇ ಕೂಗುವರು. ಸುನೋಲಿನ ಗುಡ್ಡ ಹತ್ತಿ ಇಳಿದರೆ "ಯಾರ್ರೀ ನೆಲಮಂಗಲ!" ಪ್ಲೆಸೆಂಟನ್ ಬಂದರೆ "ಕುಣಿಗಲ್!" ಸ್ಯಾನ್ ರಮೋನಿನ ಆಫೀಸು ಕಟ್ಟಡಗಳು ಕಂಡರೆ "ಯಡಿಯೂರು, ಯಡಿಯೂರು! ದೇವಸ್ಥಾನಕ್ಕೆ ಹೋಗೋರು ಇಳ್ಕಳಿ." ವಾಲ್‌ನಟ್ ಕ್ರೀಕು ಬೆಳ್ಳೂರು ಕ್ರಾಸ್. ಕೊಲ್ಲಿಯ ನೀರು ದಾಟುವ ದೊಡ್ಡ ಸೇತುವೆಗೆ ಮೊದಲು ಸಿಗುವ ಮಾರ್ಟಿನೆಜ್ ಕದಬಹಳ್ಳಿ. ಮುಂದಿನ ಸ್ಟಾಪು ಹಿರೀಸಾವೆ ಎನ್ನುವಷ್ಟರಲ್ಲಿ ದೊಡ್ಡವ್ವನಿಗೆ ನಿದ್ದೆ ಹತ್ತಿರುತ್ತಿತ್ತು. ಹತ್ತದಿದ್ದರೆ ಗಾಡಿ ತಿರುಗಿಸಿ ಮತ್ತೆ ನೆಲಮಂಗಲದಿಂದ ಶುರು. ಹಿರೀಸಾವೆ ಮಾತ್ರ ಎಂದೂ ಬರಕೂಡದು.

"ಒಂದ್ಸಲ ನಿಜವಾದ ಊರಿಗೇ ಕರ್ಕಂಡು ಹೋಗಿಬಿಡಿ ದೊಡ್ಡಪ್ಪ" ಎಂದು ನಾನು ಬುದ್ಧಿವಂತನಂತೆ ಹೇಳಿದ್ದೆ.

"ಹೋಗಿದ್ದೆ ಕಣ್ ಮಗ" ಎಂದರು. ಸಾಲ ಸೋಲ ಮಾಡಿ ವಿಮಾನ ಹತ್ತಿಸಿ, ಬೆಂಗಳೂರಿನಿಂದ ಹಾಸನದ ಬಸ್ಸಿನಲ್ಲೇ ಕರೆದುಕೊಂಡು ಹೋಗಿ, ಹಿರೀಸಾವೆಯಲ್ಲಿ ಇಳಿಸಿದ್ದರಂತೆ. ದೊಡ್ಡವ್ವ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಸುತ್ತಲೂ ನೋಡಿದರು. ಅಪ್ಪನ ಮನೆಯಿದ್ದ ಜಾಗದಲ್ಲಿ ಎಸ್‌ಟಿಡಿ ಬೂತಿನ ಪಕ್ಕಕ್ಕೊಂದು ಗೊಬ್ಬರದಂಗಡಿ. "ಇದಲ್ಲ ನಮ್ಮೂರು. ಕಂಡಕ್ಟ್ರು ದಾರಿ ತಪ್ಪಿಸಿ ಇಳಿಸ್ಬಿಟ್ರು" ಎಂದು ಬೀದಿಯಲ್ಲೇ ಗೋಳಾಡಿದರು. ಜನ ಸೇರಿ, ಹೆಂಗಸನ್ನು ಎಲ್ಲಿಂದ ಹೊತ್ತು ತಂದೆ ಎಂದು ದೊಡ್ಡಪ್ಪನ ಕೊರಳಪಟ್ಟಿ ಹಿಡಿದಿದ್ದರು. "ಊರು ತೋರ್ಸಿದ್ದೇ ತಪ್ಪಾಯ್ತು. ಅಲ್ಲಿ ಗಂಟ ಅವ್ಳಿಗೆ ಊರಾದ್ರೂ ಇತ್ತು" ಎಂದರು ದೊಡ್ಡಪ್ಪ. ಮರಳಿ ಬಂದ ಮೇಲೆ ಆಕೆ ತಿಂಗಳುಗಟ್ಟಲೆ ಕಂಡಕ್ಟರನ್ನೂ ನಂಬಲಿಲ್ಲವಂತೆ.

ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲೂ ಬಿಟ್ಟು ನೋಡಿದ್ದರು. ಡಾಕ್ಟರರು ಬಲವಂತ ಮಾಡಿದ್ದರು. ಒಂದು ವಾರ ಕಳೆದು ಹೋದರೆ ದೊಡ್ಡವ್ವನ ಬೆರಳ ಗೆಣ್ಣುಗಳೆಲ್ಲ ಬಾಗಿಲು ಬಡಿದು ಬಡಿದು ಸುಲಿದು ಹೋಗಿದ್ದವು. ಗಂಡನನ್ನು ಕಂಡವರೇ "ಕಂಡಕ್ಟ್ರೇ, ನನ್ ಬಿಟ್ಟು ಹೋಗ್ಬಿಟ್ರಲ್ಲ!" ಎಂದು ತೋಳು ಹಿಡಿದರಂತೆ. ಅಂದೇ ಕರೆತಂದು ಮತ್ತೆ ಕಿಟಕಿಯ ಪಕ್ಕ ಕೂರಿಸಿದರು.

ಈ ಎಲ್ಲದರ ಜೊತೆಗೆ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಎಡಗಣ್ಣು ಮಂಜಾಗುತ್ತಾ ಬಂದಿತ್ತು. ಬಲಗಣ್ಣಿಗೂ ಇಳಿಯುತ್ತಿತ್ತು. ನಾನೂ ಗಾಡಿಯಲ್ಲಿದ್ದ ಒಂದು ದಿನ ಅವರು ಲೇನು ಬದಲಿಸುವಾಗ ಪಕ್ಕದ ಟ್ರಕ್ಕು ಅವರಿಗೆ ಕಾಣಲೇ ಇಲ್ಲ. ನಾನು ಕಿರುಚಿದೆ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದರು. ಒಳಗೆ ದೊಡ್ಡವ್ವ ಬಾಗಿಲು ಬಡಿಯುತ್ತಿದ್ದರು. ದೊಡ್ಡಪ್ಪ ಟೈರಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು.

"ಸಾಕಾಗೋಗೈತೆ ಕಣ್ ಮಗ. ಲೈಸೆನ್ಸು ಕಿತ್ಕಂಡ್ರೆ ಅವ್ಳನ್ನ ಕಿತ್ಕಂಡಂಗೆ. ಒಂದೊಂದ್ ದಿನ ಆ ಬ್ರಿಡ್ಜ್ ಕಂಡಾಗ ಅನ್ಸತೈತೆ, ಸ್ಟೀರಿಂಗು ಒಂದ್ ಚೂರು ಬಲಕ್ಕೆ ಎಳೆದ್ರೆ ಇಬ್ರಿಗೂ ಹಿರೀಸಾವೆ ಬಂದ್ಬಿಡ್ತದೆ ಅಂತ."

ನಾನು ಅವರ ಕೈ ಹಿಡಿದುಕೊಂಡೆ. ಒಳಗಿನ ಬಡಿತ ಜೋರಾದಾಗ ಅವರೇ ಎದ್ದು, ಪ್ಯಾಂಟಿನ ಧೂಳು ಕೊಡವಿ, ಗಾಡಿಯ ಮೈಗೆ ಎರಡು ಸಲ ಅಂಗೈ ಬಡಿದು "ರೈಟ್, ರೈಟ್" ಎಂದು ತಮಗೆ ತಾವೇ ಹೇಳಿಕೊಂಡು ಹತ್ತಿದರು.

ಆಮೇಲೆ ನಮ್ಮ ಸರದಿ ಬಂತು. ಡಾಟ್ ಕಾಮ್ ಕಂಪನಿಗಳು ಎದ್ದಷ್ಟೇ ಬೇಗ ಬಿದ್ದವು. ನಮ್ಮದೂ ಬಿತ್ತು. ಬೆಳಿಗ್ಗೆ ಮೀಟಿಂಗು, ಮಧ್ಯಾಹ್ನಕ್ಕೆ ಮೇಜಿನ ಸಾಮಾನು ತುಂಬಿಕೊಂಡು ಹೊರಡಲು ರಟ್ಟಿನ ಡಬ್ಬ. ಕೆಲಸ ಹೋದರೆ ವೀಸಾ ಹೋದಂತೆಯೇ. ಬೇಗ ಇನ್ನೊಂದು ಸಿಗದಿದ್ದರೆ ಗಂಟು ಮೂಟೆ ಕಟ್ಟಬೇಕು. ಅಪಾರ್ಟ್‌ಮೆಂಟಿನ ಲೀಸು ಮುಗಿದಿತ್ತು, ಅಷ್ಟು ದಿನ ಮನೆಗೆ ಕರೆದು ಉಣಿಸುತ್ತಿದ್ದವರು ಫೋನೆತ್ತುವುದನ್ನು ಬಿಟ್ಟಿದ್ದರು. ದೊಡ್ಡಪ್ಪ ತಾವಾಗಿಯೇ ನನ್ನ ಬಾಗಿಲಿಗೆ ಬಂದರು.

"ನಮ್ ಬಸ್ಸಲ್ಲಿ ಡ್ರೈವರ್ ಪೋಸ್ಟು ಖಾಲಿ ಐತೆ. ಮೂರ್ ಹೊತ್ತು ಮುದ್ದೆ, ಮಲಗಕ್ಕೆ ಜಾಗ. ಬತ್ತೀಯಾ?"

ಹೋದೆ. ಆ ಬೇಸಿಗೆಯೆಲ್ಲ ನಾನು ಡ್ರೈವರು, ಅವರು ಕಂಡಕ್ಟರು. ಮೊದಲ ದಿನವೇ ಎಲ್ಲಿಂದಲೋ ಒಂದು ಖಾಕಿ ಶರಟು ಹುಡುಕಿ ತೊಟ್ಟುಕೊಂಡು ಬಂದರು. ಇಷ್ಟು ಕಾಲ ಬೆನ್ನು ತೋರಿಸಿಕೊಂಡು ಓಡಿಸಿದವರಿಗೆ ಈಗ ಹೆಂಡತಿಯ ಎದುರು ಕೂರುವ ಭಾಗ್ಯ. "ಎಲ್ಲಿಗೆ ಸಿಸ್ಟರ್?" "ಹಿರೀಸಾವೆ ಒಂದು ಕೊಡಿ." ಗ್ರೋಸರಿಯ ಹಳೆ ಬಿಲ್ಲೊಂದನ್ನು ಹರಿದು ಕೊಡುವರು. ಆಕೆ ಅದನ್ನು ಜೋಪಾನವಾಗಿ ಬ್ಯಾಗಿನೊಳಗಿಡುವರು. ವಾರ್ಡಿನ ಕತೆ, ಮೇಟ್ರನ್ನಮ್ಮನ ಬೈಗುಳ, ಅವ್ವ ಮಾಡುವ ಕಜ್ಜಾಯ, ಎಲ್ಲವನ್ನೂ ಹೊಸದಾಗಿ ಪರಿಚಯವಾದ ಗಂಡಸಿಗೆ ಹೇಳುವ ನಾಚಿಕೆಯಲ್ಲಿ ಹೇಳುವರು. ಕನ್ನಡಿಯಲ್ಲಿ ದೊಡ್ಡಪ್ಪನ ಮುಖ ನೋಡಿದರೆ ನಾನು ಗಾಡಿಯ ವೇಗವನ್ನು ಇನ್ನಷ್ಟು ತಗ್ಗಿಸುತ್ತಿದ್ದೆ.

ಇಂಟರ್‌ವ್ಯೂ ಇದ್ದ ದಿನ ಆರ್‌ವಿಯೇ ನನ್ನನ್ನು ಆಫೀಸಿನ ಬಾಗಿಲಿಗೆ ಬಿಡುತ್ತಿತ್ತು. ಟೈ ಕಟ್ಟಿದವರೆಲ್ಲ ನೋಡುತ್ತಿದ್ದಂತೆ ದೊಡ್ಡಪ್ಪ ಬಾಗಿಲಲ್ಲಿ ನಿಂತು ಗಾಡಿಗೆ ಬಡಿದು "ರೈಟ್! ಹೋಗಿ ಗೆದ್ಕಂಡು ಬಾ" ಎನ್ನುವರು. ನಾನು ಒಳಗಿದ್ದಷ್ಟು ಹೊತ್ತೂ ಆ ಮಂಜುಗಣ್ಣಿನಲ್ಲೇ ಪಾರ್ಕಿಂಗ್ ಲಾಟಿನ ಸುತ್ತ ಗಾಡಿಯನ್ನು ನಿಧಾನವಾಗಿ ಸುತ್ತಿಸುತ್ತಿರುವರು.

ಕೊನೆಗೂ ಫಾಸ್ಟರ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಸೋಮವಾರದಿಂದ ಹೋಗಬೇಕು. ಹೇಳಿದಾಗ ದೊಡ್ಡಪ್ಪ "ಒಳ್ಳೇದಾಯ್ತು ಕಣಪ್ಪ, ಬದುಕ್ಕಂಡೆ" ಎಂದು ಬೆನ್ನು ತಟ್ಟಿ, ಮುಖ ತಿರುಗಿಸಿ ಒಲೆಯ ಮೇಲಿನ ಪಾತ್ರೆಯನ್ನು ಸುಮ್ಮನೆ ತಿರುವುತ್ತಾ ನಿಂತರು.

"ನೀವೇನು ಮಾಡ್ತೀರ ದೊಡ್ಡಪ್ಪ?"

"ನಾನೇ ಓಡಿಸ್ತೀನಿ. ಕಣ್ ಕಾಣದಿದ್ರೆ ಏನಾಯ್ತು, ರೂಟು ಗೊತ್ತಲ್ಲ."

ಶನಿವಾರ ಭಾನುವಾರ ನಾನೇ ಬರುತ್ತೇನೆ, ವಾರದ ದಿನಕ್ಕೆ ಯಾರನ್ನಾದರೂ ಹುಡುಕುತ್ತೇನೆ ಎಂದೆ. ಆಯಿತು ಎಂದರು. ಇಬ್ಬರಿಗೂ ನಂಬಿಕೆ ಇರಲಿಲ್ಲ.

ಆ ಕೆಲಸದಿಂದಲೇ ನಾನು ಈ ದೇಶದಲ್ಲಿ ಉಳಿದೆ. ಹೆಂಡತಿ, ಮಕ್ಕಳು, ಮನೆ ಎಲ್ಲ ಅದರ ಹಿಂದೆ ಬಂದವು. ದೊಡ್ಡವ್ವ ಮುಂದೆ ಅದೇ ವೃದ್ಧರ ಮನೆಯಲ್ಲಿ ಒಂದು ಚಳಿಗಾಲ ಇದ್ದು ತೀರಿಕೊಂಡರು. ಅಷ್ಟು ದಿನವೂ ಪ್ರತಿ ಭಾನುವಾರ ನನ್ನ ಕಾರಿನಲ್ಲಿ ಕೂರಿಸಿಕೊಂಡು ಕದಬಹಳ್ಳಿಯವರೆಗೆ ಹೋಗಿ ಬರುತ್ತಿದ್ದೆ. ನನ್ನ ಮಗಳು ಈಗಲೂ ಸ್ಯಾನ್ ರಮೋನ್ ದಾಟುವಾಗ "ಅಪ್ಪಾ, ಸೇ ಯಡಿಯೂರು" ಎನ್ನುತ್ತಾಳೆ. ದೊಡ್ಡಪ್ಪನಿಗೆ ನಾನು ತೀರಿಸಬೇಕಾದದ್ದು ಇಷ್ಟರಿಂದ ತೀರುವಂಥದ್ದಲ್ಲ.

ಇದೆಲ್ಲ ಆಮೇಲಿನ ಮಾತು. ಅಂದು ಆ ಕೆಲಸಕ್ಕೆ ಸೇರುವ ಮೊದಲಿನ ಶುಕ್ರವಾರ. ಬೇಸಿಗೆ ಮುಗಿಯುತ್ತಾ ಬಂದಿತ್ತು, ಗುಡ್ಡಗಳೆಲ್ಲ ಒಣಹುಲ್ಲಿನಿಂದ ಹಳದಿಯಾಗಿದ್ದವು. ನೆಲಮಂಗಲ ಜೋರಾಗಿ ಕೇಳಿತು. ಕುಣಿಗಲ್ ಕೇಳಿತು. ಯಡಿಯೂರಿನಲ್ಲಿ ಇಳಿಯುವವರು ಯಾರೂ ಇಲ್ಲವೇ ಎಂದು ದೊಡ್ಡಪ್ಪ ಎಂದಿನಂತೆ ನನ್ನನ್ನು ರೇಗಿಸಿದರು. ಬೆಳ್ಳೂರು ಕ್ರಾಸ್ ಎಂದದ್ದು ಮೆಲ್ಲಗಿತ್ತು. ಕದಬಹಳ್ಳಿ ಬರಲಿಲ್ಲ.

"ಕಂಡಕ್ಟ್ರೇ" ಎಂದರು ದೊಡ್ಡವ್ವ. "ಕಂಡಕ್ಟ್ರೇ, ಎಲ್ಲಿದೀವಿ?"

ಕನ್ನಡಿಯಲ್ಲಿ ನೋಡಿದೆ. ದೊಡ್ಡಪ್ಪ ಆಕೆಯ ಎದುರು ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿದ್ದರು. ಬೆರಳ ಸಂದಿಯಲ್ಲಿ ಕಾಗದ ಹಾಗೇ ಇತ್ತು. "ದೊಡ್ಡಪ್ಪಾ" ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಎಕ್ಸಿಟ್ ತೆಗೆದುಕೊಂಡು, ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ, ಫೋನು ಮಾಡಿ ಆಂಬುಲೆನ್ಸಿಗೆ ಹೇಳಿ ಹಿಂದಕ್ಕೆ ಓಡಿದೆ. ಗಾಡಿ ನಿಂತರೂ ದೊಡ್ಡವ್ವ ಬಾಗಿಲಿಗೆ ಹೋಗಿರಲಿಲ್ಲ. ಬ್ಯಾಗನ್ನು ಪಕ್ಕಕ್ಕಿಟ್ಟು, ಮುಂದೆ ಬಾಗಿ, ದೊಡ್ಡಪ್ಪನ ಮಣಿಕಟ್ಟು ಹಿಡಿದು, ತಮ್ಮ ಬರಿ ಕೈಯಲ್ಲಿ ಎಂದೋ ಕಳಚಿಟ್ಟ ಗಡಿಯಾರ ಇನ್ನೂ ಇದೆಯೆಂಬಂತೆ ನೋಡುತ್ತಾ ನಾಡಿ ಎಣಿಸುತ್ತಿದ್ದರು. ಕತ್ತಿಗೆ ಎರಡು ಬೆರಳಿಟ್ಟರು. ಮೂಗಿನ ಹತ್ತಿರ ಅಂಗೈ ಹಿಡಿದರು. ಆಮೇಲೆ ರೆಪ್ಪೆಗಳನ್ನು ಮುಚ್ಚಿ, ಬೆರಳ ಸಂದಿಯಿಂದ ಆ ಕಾಗದ ಬಿಡಿಸಿ ಖಾಕಿ ಶರಟಿನ ಜೇಬಿಗಿಟ್ಟು, ಎರಡು ಕೈಗಳನ್ನೂ ನೇರ ಮಾಡಿ ಎದೆಯ ಮೇಲೆ ಜೋಡಿಸಿದರು. ನಾನು ಅಳುತ್ತಾ ನಿಂತಿದ್ದೆ. ಆಕೆ ನನ್ನತ್ತ ತಿರುಗಿ, ವಾರ್ಡಿನ ಹೊರಗೆ ಕಾಯುವವರೊಡನೆ ಮಾತಾಡುವ ಮೆಲುದನಿಯಲ್ಲಿ ಹೇಳಿದರು:

"ಹೋಗ್ಬಿಟ್ಟವ್ರೆ ಡ್ರೈವರ್ರೇ. ಒಳ್ಳೆ ಕಂಡಕ್ಟ್ರು. ಇವ್ರ ಮನೆಗೆ ಯಾರಾದ್ರೂ ಹೇಳಿ ಕಳಿಸಿ. ಹೆಂಡ್ತಿ ಕಾಯ್ತಾ ಕೂತಿರ್ತಾಳೆ, ಪಾಪ."