ಕೊಂಡ ಬೆಲೆಗೆ ಒಂದು ಗಡ್ಡೆ ಬೆಳ್ಳುಳ್ಳಿ

ಎರಡು ವರ್ಷದಿಂದ ನಮ್ಮ ಮನೆಗೆ ಬಾಟಲಿಯ ಬೆಳ್ಳುಳ್ಳಿ ಪೇಸ್ಟೇ ಬರುತ್ತಿತ್ತು. ನಿನ್ನೆ ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಯಲ್ಲಿ ಅದು ಖಾಲಿಯಾಗಿತ್ತಂತೆ, ನಮ್ಮವರು ನಾಲ್ಕು ಗಡ್ಡೆ ಬೆಳ್ಳುಳ್ಳಿ ಹಿಡಿದುಕೊಂಡು ಬಂದರು. ಇವತ್ತು ಶನಿವಾರ. ತಿಂಡಿ ಮುಗಿಸಿ, ಸ್ಟೀಲ್ ಬೋಗುಣಿ ಮುಂದಿಟ್ಟುಕೊಂಡು ಮೊದಲ ಎಸಳಿಗೆ ಉಗುರು ಹಾಕಿದೆ ನೋಡಿ, ಆ ಘಾಟು ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಬೆಳ್ಳುಳ್ಳಿಗೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ, ಅದು ಈರುಳ್ಳಿಯ ಕೆಲಸ. ನನಗೆ ಬಂತು.

ಪಕ್ಕದ ಮನೆಯ ಅಂಕಲ್ ನೆನಪಾದರು.

ರನ್‌ಕಾರ್ನ್‌ನಲ್ಲಿ ನಾವಿರುವ ಬಾಡಿಗೆ ಮನೆಗೂ ಅವರಿದ್ದ ಮನೆಗೂ ನಡುವೆ ಇರುವುದು ಒಂದು ಮರದ ಬೇಲಿ, ಅಷ್ಟೇ. ಆ ಮನೆ ಅವರ ಮಗಳದು, ಆಕೆ ಡಾಕ್ಟರು. ಅಂಕಲ್ ಮತ್ತು ಆಂಟಿ ಮೂವತ್ತೊಂದು ವರ್ಷ ಕೆನಡಾದಲ್ಲಿದ್ದು, ಅಲ್ಲಿನ ಮನೆ ಮಾರಿ, ಮೊಮ್ಮಕ್ಕಳಿಗೋಸ್ಕರ ಬ್ರಿಸ್ಬೇನಿಗೆ ಬಂದವರು. ಅಲ್ಲಿ ಯಾವುದೋ ಊರಿನ ನೀರು ಸರಬರಾಜಿನಲ್ಲಿ ಅಂಕಲ್ ಕೆಲಸ ಮಾಡುತ್ತಿದ್ದರು. ಷೇರಿನ ವಿಷಯ ಅವರು ಪುಸ್ತಕ ಓದಿ ಕಲಿತದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ಬ್ರಿಸ್ಬೇನಿನ ಬೇಸಿಗೆಯಲ್ಲೂ ಅವರ ಗ್ಯಾರೇಜಿನ ಮೊಳೆಯಲ್ಲಿ ಹಿಮಕ್ಕೆ ಹಾಕುವ ಮಂಡಿಯುದ್ದದ ಕೋಟು ನೇತಾಡುತ್ತಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಅವರ ಹಿತ್ತಲಿನ ಪ್ಯಾಟಿಯೋದಲ್ಲಿ ದರ್ಬಾರು. ನಮಗೆ ಶನಿವಾರ ಬೆಳಿಗ್ಗೆಯಾದರೆ ಕೆನಡಾದವರಿಗೆ ಶುಕ್ರವಾರ ಸಂಜೆ. ಅವರ ಹಳೆಯ ಸ್ನೇಹಿತರು, ಸ್ನೇಹಿತರ ಮಕ್ಕಳು, ಎಲ್ಲ ಕನ್ನಡದವರೇ, ಊಟಕ್ಕೆ ಮೊದಲು ವಿಡಿಯೋದಲ್ಲಿ ಬಂದು ಕೂರುತ್ತಿದ್ದರು. ಎಲ್ಲರದೂ ಷೇರಿನದೇ ಪ್ರಶ್ನೆ. "ಬಿದ್ದಿದೆ ಅಂಕಲ್, ಇನ್ನಷ್ಟು ತಗೊಂಡು ಸರಿದೂಗಿಸ್ಲಾ?" "ಬ್ಯಾಂಕು, ಪೈಪ್‌ಲೈನು ಷೇರು ಬಿಟ್ಟು ನನ್ನ ಹತ್ರ ಏನೂ ಇಲ್ವಲ್ಲ, ತಪ್ಪಾ?" "ಡಿವಿಡೆಂಡ್ ಬರ್ತಾ ಇದೆ, ಮತ್ಯಾಕೆ ಮಾರ್ಬೇಕು?" "ಟ್ಯಾಕ್ಸ್ ಇಲ್ಲದ ಅಕೌಂಟಲ್ಲಿ ಹಾಕ್ಬಿಟ್ಟಿದ್ದೀನಿ, ನಷ್ಟ ತೋರಿಸೋಕೂ ಆಗಲ್ವಲ್ಲ ಸಾರ್!" ಯಾವುದನ್ನು ಕೊಳ್ಳಲಿ ಅಂತ ಯಾರಾದರೂ ಕೇಳಿದರೆ ಅಂಕಲ್‌ಗೆ ರೇಗುತ್ತಿತ್ತು. "ನಾನೇನು ಜ್ಯೋತಿಷ್ಯದ ಅಂಗಡಿ ಇಟ್ಟಿದ್ದೀನಾ?" ಅಂತ ಗದರುತ್ತಿದ್ದರು.

ಅವರು ತಿರುಗಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇವತ್ತು ಅಷ್ಟೇ ದುಡ್ಡು ನಿನ್ನ ಕೈಯಲ್ಲಿದ್ರೆ, ಇದನ್ನೇ ಕೊಳ್ತೀಯಾ?" ಇಲ್ಲ ಅಂದರೆ ಇಟ್ಟುಕೊಂಡು ಕೂರಬೇಡ, ಅಷ್ಟೇ ಅವರ ಶಾಸ್ತ್ರ. ಜೊತೆಗೊಂದು ಕಟ್ಟಳೆಯೂ ಇತ್ತು. ಅವರ ಪ್ಯಾಟಿಯೋದಲ್ಲಿ ಯಾರೂ ತಾವು ಕೊಂಡ ಬೆಲೆ ಹೇಳುವಂತಿಲ್ಲ. "ಷೇರಿಗೆ ನೀನು ಯಾರು ಅಂತಾನೇ ಗೊತ್ತಿಲ್ಲ, ನೀನು ಎಷ್ಟು ಕೊಟ್ಟೆ ಅಂತ ಅದಕ್ಕೆ ನೆನಪಿರುತ್ತಾ?" ಎನ್ನುತ್ತಿದ್ದರು. ಬಾಯಿ ತಪ್ಪಿ ಹೇಳಿದವರಿಗೆ ದಂಡ: ಒಂದು ಗಡ್ಡೆ ಬೆಳ್ಳುಳ್ಳಿ ಬಿಡಿಸಬೇಕು. ಆಂಟಿ ಬೆಳ್ಳುಳ್ಳಿ ಚಟ್ನಿಪುಡಿ ಮಾಡಿ ನಮ್ಮ ಕನ್ನಡ ಮನೆಗಳಿಗೆಲ್ಲ ಹಂಚುತ್ತಿದ್ದರು. ಬರೀ ಮಾತಾಡ್ತೀರಿ, ಕೈಗೊಂದು ಕೆಲಸ ಬೇಡವಾ ಅಂತ ಗಂಡನನ್ನು ಒಮ್ಮೆ ಬೈದಿದ್ದರಂತೆ, ಅಲ್ಲಿಂದ ಶುರುವಾದ ದಂಡ ಇದು. ಕೆನಡಾದವರಿಗೂ ವಿನಾಯಿತಿ ಇರಲಿಲ್ಲ. "ಒಂದು ಗಡ್ಡೆ!" ಅಂತ ಅಂಕಲ್ ಕೂಗಿದರೆ, ಅಲ್ಲಿ ಯಾರೋ ಪಾಪ ಅಡುಗೆಮನೆಗೆ ಓಡಿ, ಬೆಳ್ಳುಳ್ಳಿ ತಂದು ಕ್ಯಾಮೆರಾಕ್ಕೆ ತೋರಿಸಿ ಸುಲಿಯುತ್ತಾ ಕೂರಬೇಕಿತ್ತು. ನಾನು ಬೇಲಿಯ ಈಚೆ ಬಟ್ಟೆ ಒಣಹಾಕುತ್ತಾ ನಗುತ್ತಿದ್ದೆ.

ನಗು ಎಷ್ಟು ದಿನ...

ನಮ್ಮವರು ಸಿವಿಲ್ ಎಂಜಿನಿಯರು. ಸೇತುವೆಯ ಲೆಕ್ಕ ಹಾಕಿದ ತಲೆಗೆ ಮನೆಯ ಲೆಕ್ಕ ಬೇಡವಂತೆ. "ಅದು ನಿಂಗೇ ಬಿಟ್ಟಿದ್ದು ತಾಯಿ" ಅಂತ ಕೈ ಮುಗಿದುಬಿಟ್ಟಿದ್ದರು. ಮನೆ ಕೊಳ್ಳಲು ಇಬ್ಬರೂ ಕೂಡಿಸಿದ ಮುಂಗಡದ ಹಣ ನನ್ನ ಹೆಸರಲ್ಲಿತ್ತು. ಪರ್ತ್‌ನಲ್ಲಿ ಗಣಿಯ ಕೆಲಸದಲ್ಲಿರುವ ನನ್ನ ಮೈಸೂರಿನ ಕ್ಲಾಸ್‌ಮೇಟ್ ಒಬ್ಬಳು ಒಂದು ಲಿಥಿಯಂ ಕಂಪನಿಯ ಹೆಸರು ಹೇಳಿ, "ಕಣ್ಮುಚ್ಕೊಂಡು ತಗೊಳ್ಳೇ" ಎಂದಳು. ನಾನು ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡೆ, ಮುಕ್ಕಾಲು ಪಾಲು ಹಣ ಹಾಕಿ. ಏರಿದಾಗ ಇವರಿಗೆ ಹೇಳಿ ಬೆರಗುಗೊಳಿಸೋಣ ಅಂತ ಸುಮ್ಮನಿದ್ದೆ. ಅದು ಬಿತ್ತು. ಆಮೇಲೆ ಹೇಳಲು ಬಾಯಿ ಬರಲಿಲ್ಲ. "ದುಡ್ಡು ಬ್ಯಾಂಕಿನ ಟರ್ಮ್ ಡೆಪಾಸಿಟ್‌ನಲ್ಲಿದೆ ರೀ" ಅಂದೆ. ಕೊಂಡ ಬೆಲೆ ವಾಪಸ್ ಬರಲಿ, ಆ ದಿನವೇ ಮಾರಿ, ಏನೂ ಆಗಿಲ್ಲದ ಹಾಗೆ ಬ್ಯಾಂಕಿಗೆ ಹಾಕುತ್ತೇನೆ ಅಂತ ದೇವರ ಮುಂದೆ ನಿಂತು ಹೇಳಿಕೊಂಡೆ. ದೇವರಿಗೆ ಲಿಥಿಯಂ ಏನು ಗೊತ್ತು?

ಇವರಿಗೋ ಮನೆ ಕೊಳ್ಳುವ ಹುಚ್ಚು ಹತ್ತಿತು. ಶನಿವಾರ ಬಂದರೆ ಸಾಕು, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಕಡೆಗೆ ಕಾರು. ಒಂದು ಮನೆಯನ್ನಾದರೂ ಒಪ್ಪಿಬಿಟ್ಟರೆ ನನ್ನ ಬಂಡವಾಳ ಬಯಲು. ಹಾಗಾಗಿ ನಾನು, ಹುಟ್ಟಿದಾಗಿನಿಂದ ವಾಸ್ತುವಿಗೆ ಮೂರು ಕಾಸಿನ ಬೆಲೆ ಕೊಡದವಳು, ದೊಡ್ಡ ವಾಸ್ತು ಪಂಡಿತೆಯಾಗಿಬಿಟ್ಟೆ. ಈಶಾನ್ಯದಲ್ಲಿ ಟಾಯ್ಲೆಟ್ ಇದೆ, ಬೇಡ. ಅಡುಗೆಮನೆ ಆಗ್ನೇಯದಲ್ಲಿಲ್ಲ, ಬೇಡ. ಬಾಗಿಲು ದಕ್ಷಿಣಕ್ಕೆ, ರಾಮರಾಮಾ, ಬೇಡವೇ ಬೇಡ. ಮಾರಾಟದ ಏಜೆಂಟು ಹುಡುಗಿ ನನ್ನನ್ನು ಕಂಡರೆ ಹಲ್ಲು ಕಚ್ಚುತ್ತಿದ್ದಳು. ಇವರು ಮಾತ್ರ ಒಂದು ದಿನವೂ ರೇಗಲಿಲ್ಲ. ಮೈಸೂರಿಗೆ ಫೋನ್ ಮಾಡಿ ನಮ್ಮತ್ತೆಯನ್ನು ಕೇಳಿ, ದಿಕ್ಕುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ನೋಟ್‌ಬುಕ್ಕು ಕಣ್ಣಿಗೆ ಬಿದ್ದಾಗಲೆಲ್ಲ ಅದರ ಮೇಲೊಂದು ಪೇಪರ್ ಮುಚ್ಚಿಡುತ್ತಿದ್ದೆ. ಒಳ್ಳೆಯ ಗಂಡನಿಗೆ ಸುಳ್ಳು ಹೇಳುವುದು ಎಷ್ಟು ಕಷ್ಟ ಅಂತ ಹೇಳಿದವಳಿಗೇ ಗೊತ್ತು.

ಆಗ ನಾನು ಬೇಲಿಯ ಆಚೆ ಹೋಗತೊಡಗಿದೆ. "ನನ್ನ ಫ್ರೆಂಡ್ ಒಬ್ಳಿದ್ದಾಳೆ ಅಂಕಲ್..." ಅಂತ ಶುರು ಮಾಡಿದೆ. ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ, "ಹೇಳು, ನಿನ್ನ ಫ್ರೆಂಡ್‌ಗೇನಾಯ್ತು?" ಎಂದರು. ನಾನು ಕಥೆ ಹೇಳುತ್ತಾ, "ಒಂದೂಮುಕ್ಕಾಲು ಡಾಲರ್‌ಗೆ ತಗೊಂಡಿದ್ಲು, ಈಗ ನೋಡಿದ್ರೆ..." ಎನ್ನುವಷ್ಟರಲ್ಲಿ ಬೋಗುಣಿ ನನ್ನ ಮುಂದೆ ಬಂತು.

"ನಾನ್ಯಾಕೆ ಅಂಕಲ್? ತಗೊಂಡಿದ್ದು ಅವಳು."

"ಅವಳು ಬಂದಿಲ್ವಲ್ಲಮ್ಮ. ಅವಳ ಬದಲು ನೀನೇ ಬಿಡಿಸು."

ಆ ಚಳಿಗಾಲವೆಲ್ಲ ನಾನು ಗಡ್ಡೆಗಟ್ಟಲೆ ಬೆಳ್ಳುಳ್ಳಿ ಬಿಡಿಸಿದೆ. ಎಷ್ಟೇ ಎಚ್ಚರವಾಗಿದ್ದರೂ ಆ ಒಂದೂಮುಕ್ಕಾಲು ಬಾಯಿಗೆ ಬಂದೇಬಿಡುತ್ತಿತ್ತು. ಆಫೀಸಿನಲ್ಲಿ ಕೀಬೋರ್ಡ್ ಮುಟ್ಟಿದರೂ ಘಾಟು. ಪ್ಯಾಟಿಯೋದಲ್ಲಿ ಕೂತು ನಾನು ಅಂಕಲ್ ಅವರನ್ನೂ ಗಮನಿಸಿದೆ. ಫೋನು ಮುಗಿದ ಮೇಲೆ ಅವರ ಮುಖ ಬೇರೆಯೇ ಆಗುತ್ತಿತ್ತು. ಎದ್ದು ಹೋಗಿ ಬಸ್‌ಸ್ಟಾಪಿನಲ್ಲಿ ಕೂರುತ್ತಿದ್ದರು. ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಅವರು ಡ್ರೈವರಿಗೆ ಕೈಯಾಡಿಸಿ ಕಳಿಸಿಬಿಡುತ್ತಿದ್ದರು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆಂಟಿಗೆ ಮೊಮ್ಮಕ್ಕಳಿದ್ದರು, ಚಟ್ನಿಪುಡಿಯಿತ್ತು. ಅವರಿಗೆ ಶನಿವಾರದ ಆ ಎರಡು ತಾಸು ಇತ್ತು, ಅಷ್ಟೇ.

ಒಂದು ಶುಕ್ರವಾರ ನಮ್ಮವರು ಕುಣಿದುಕೊಂಡು ಬಂದರು. "ಸಿಕ್ತು ಕಣೇ! ಈಶಾನ್ಯದಲ್ಲಿ ದೇವರಮನೆಗೆ ಜಾಗ, ಆಗ್ನೇಯದಲ್ಲಿ ಒಲೆ, ಪೂರ್ವಕ್ಕೆ ಬಾಗಿಲು. ಅಮ್ಮನಿಗೂ ಫೋಟೋ ಕಳಿಸ್ದೆ, ಕಣ್ಣಿಗೊತ್ತಿಕೊಂಡ್ರಂತೆ. ನಾಳೆ ಹನ್ನೊಂದೂವರೆಗೆ ನೋಡೋಕೆ ಹೋಗ್ಬೇಕು." ನನ್ನ ಬಲೆಗೆ ನಾನೇ ಬಿದ್ದೆ. ಮರುದಿನ ಬೆಳಿಗ್ಗೆ ಕೆನಡಾದವರ ಫೋನು ಮುಗಿಯುವುದನ್ನೇ ಕಾದು ಅಂಕಲ್ ಎದುರು ಹೋಗಿ ಕೂತೆ.

"ಅಂಕಲ್, ಫ್ರೆಂಡ್ ಯಾರೂ ಇಲ್ಲ. ನಾನೇ."

"ಗೊತ್ತು ಕಣಮ್ಮ. ಯಾವ ಫ್ರೆಂಡ್‌ಗೋಸ್ಕರ ಯಾರು ಇಷ್ಟೊಂದು ಬೆಳ್ಳುಳ್ಳಿ ಬಿಡಿಸ್ತಾರೆ?"

ಎಲ್ಲ ಹೇಳಿದೆ. ಲಿಥಿಯಂ, ಡೆಪಾಸಿಟ್ ಅಂತ ಹೇಳಿದ ಸುಳ್ಳು, ವಾಸ್ತು, ನೋಟ್‌ಬುಕ್ಕು. ಅವರು ನಗಲಿಲ್ಲ. ತಮ್ಮ ಪ್ರಶ್ನೆಯನ್ನೇ ಕೇಳಿದರು: ಇವತ್ತು ಅಷ್ಟು ದುಡ್ಡಿದ್ರೆ ಇದನ್ನೇ ಕೊಳ್ತೀಯಾ? ಇಲ್ಲ, ಎಂದೆ. ಮತ್ತೆ ಯಾಕೆ ಇಟ್ಕೊಂಡಿದ್ದೀಯಾ, ಎಂದರು. ನನಗೆ ಎಲ್ಲಿತ್ತೋ ಸಿಟ್ಟು! ಹೇಳುವುದು ಸುಲಭ, ಅನ್ನಿಸಿತು.

"ನೀವು ಹೇಳಿ ಅಂಕಲ್. ಇವತ್ತು ಕೆನಡಾದ ನಿಮ್ಮ ಮನೇಲೇ ಇದ್ದಿದ್ರೆ, ಎಲ್ಲಾ ಬಿಟ್ಟು ಇಲ್ಲಿಗೆ ಬರ್ತಿದ್ರಾ?"

ಕೇಳಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಒಳಗೆ ಆಂಟಿ ಮೆಣಸಿನಕಾಯಿ ಹುರಿಯುತ್ತಿದ್ದ ಘಾಟು ಬರುತ್ತಿತ್ತು. ಅಂಕಲ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಮೂವತ್ತೊಂದು ವರ್ಷ ಕಣಮ್ಮ," ಎಂದರು. "ಆ ಊರಿಗೆ ನಾನು ಮೂವತ್ತೊಂದು ವರ್ಷ ಕೊಟ್ಟಿದ್ದೆ."

ಹೇಳಿದವರೇ ಬೋಗುಣಿಯನ್ನು ತಮ್ಮ ಕಡೆ ಎಳೆದುಕೊಂಡು, ಒಂದು ಗಡ್ಡೆ ಎತ್ತಿಕೊಂಡು ಬಿಡಿಸತೊಡಗಿದರು. ಅವರು ದಂಡ ಕಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಒಂದು ಗಡ್ಡೆ ತೆಗೆದುಕೊಂಡೆ. ಇಬ್ಬರೂ ಕೂತು ಬಿಡಿಸಿದೆವು. ನಾನು ಏಳುವಾಗ ಅವರು ಮೆಲ್ಲಗೆ ಹೇಳಿದರು: "ನಂದು ಮಾರೋಕಾಗಲ್ಲ. ನಿಮ್ಮ ಆಂಟಿ ಇಲ್ಲಿ ಸುಖವಾಗಿದ್ದಾಳೆ. ನಿಂದು ಆಗುತ್ತೆ. ಸೋಮವಾರ ಬೆಳಿಗ್ಗೆ ಮಾರ್ಕೆಟ್ ತೆಗೀತಾರೆ. ಅದಕ್ಕೆ ಮುಂಚೆ ನಿನ್ನ ಗಂಡನಿಗೆ ಹೇಳಿಬಿಡು."

ಹೇಳಲಿಲ್ಲ. ಹನ್ನೊಂದೂವರೆಗೆ ಆ ಮನೆಯ ನಡುಮನೆಯಲ್ಲಿ ನಿಂತಿದ್ದೆ. ನಿಜವಾಗಿಯೂ ಚೆಂದದ ಮನೆ, ಬೆಳಕೋ ಬೆಳಕು. ಇವರು ಫೋನಿನ ದಿಕ್ಸೂಚಿ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ನಾನು ಕಿಟಕಿಯಾಚೆ ನೋಡಿ ಅಂದೆ: "ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹೋಗ್ತಾನಲ್ಲ ರೀ. ಅಂದ್ಮೇಲೆ ನಮ್ಮೂರಿನ ವಾಸ್ತು ಇಲ್ಲಿಗೆ ಪೂರ್ತಿ ತಿರುಗಾಮುರುಗಾ. ಈ ಮನೆ ಆಗಲ್ಲ." ಅವರು ದಿಕ್ಸೂಚಿಯನ್ನೂ ನನ್ನನ್ನೂ ನೋಡಿದರು. "ಹೌದಲ್ವಾ," ಎಂದರು. ನಂಬಿಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೋಮವಾರ ಮಾರ್ಕೆಟ್ ತೆರೆಯಿತು, ಮುಚ್ಚಿತು. ಆಮೇಲೆ ಎಷ್ಟೋ ಸೋಮವಾರಗಳು...

ಅಷ್ಟರಲ್ಲಿ ಅಂಕಲ್ ಮಗಳಿಗೆ ಅಡಿಲೇಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಬ್ಲೇರ್ ಅಥಾಲ್‌ನಲ್ಲಿ ಮನೆ ಹಿಡಿದರು. ಸಾಮಾನಿನ ಲಾರಿಗೆ ಎಲ್ಲಕ್ಕಿಂತ ಕೊನೆಗೆ ಹತ್ತಿದ್ದು ಆ ಹಿಮದ ಕೋಟು. ಅದನ್ನು ಅಂಕಲ್ ತಾವೇ ಹೊತ್ತು ತಂದರು. ಊರು ಬಿಡುವ ಮಾತಿನಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಅವತ್ತಿನಿಂದ ನಾನು ಬಾಟಲಿಯ ಪೇಸ್ಟ್ ತರತೊಡಗಿದೆ.

ಒಂದು ದಿನ ಅಡಿಲೇಡಿನಿಂದ ಫೋನ್ ಬಂತು. ಧ್ವನಿ ಸಣ್ಣಗಾಗಿತ್ತು. ಕೆನಡಾದವರು ಈಗ ಹೆಚ್ಚು ಬರುವುದಿಲ್ಲ, ಎಲ್ಲರಿಗೂ ಉತ್ತರ ಫೋನಿನ ಆ್ಯಪ್‌ನಲ್ಲೇ ಸಿಗುತ್ತಂತೆ ಅಂತ ನಕ್ಕರು. ಆಮೇಲೆ ಕೇಳಿದರು: "ನಿನ್ನ ಫ್ರೆಂಡ್ ಹೇಗಿದ್ದಾಳೆ?"

"ಮಾರಿಬಿಟ್ಲು ಅಂಕಲ್. ಗಂಡನಿಗೂ ಹೇಳಿದ್ಲು."

"ಶಹಬ್ಬಾಸ್!" ಆ ಕೂಗಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಲೇ, ಕೇಳಿದ್ಯಾ? ಅವಳು ಮಾರಿದ್ಲಂತೆ!" ಅಂತ ಆಂಟಿಗೂ ಹೇಳಿದರು. "ಇನ್ಮೇಲೆ ನಿಂಗೆ ಬೆಳ್ಳುಳ್ಳಿ ಮಾಫಿ ಕಣಮ್ಮ."

ಮೂರು ವಾರಕ್ಕೆ ಅವರ ಮಗಳ ಮೆಸೇಜು ಬಂತು. ಅಂಕಲ್ ನಿದ್ದೆಯಲ್ಲೇ ಹೋದರಂತೆ. ಅಡಿಲೇಡಿಗೆ ಟಿಕೆಟ್ ನೋಡಿದೆ, ಹೋಗಲಿಲ್ಲ. ಆಂಟಿಗೆ ಫೋನ್ ಮಾಡಿದೆ. ಅವರು ಅತ್ತು, ಸಾವರಿಸಿಕೊಂಡು ಹೇಳಿದರು: "ನೀನು ಮಾರಿದೆ ಅಂತ ಕೇಳಿ ಅವತ್ತು ಎರಡು ಸಲ ಕಾಫಿ ಕೇಳಿ ಕುಡಿದ್ರು ಕಣೇ. ಇಲ್ಲಿಗೆ ಬಂದ್ಮೇಲೆ ಅಷ್ಟು ಖುಷಿಯಾಗಿ ನಾನು ನೋಡೇ ಇರ್ಲಿಲ್ಲ." ನಾನು ಹೂಂ ಅಂದೆ. ಷೇರು ಇನ್ನೂ ನನ್ನ ಹತ್ತಿರವೇ ಇತ್ತು.

ಇವತ್ತು ನಾಲ್ಕು ಗಡ್ಡೆಯೂ ಮುಗಿಯುವ ಹೊತ್ತಿಗೆ ನಮ್ಮವರು ಹುಲ್ಲು ಕತ್ತರಿಸಿ ಒಳಗೆ ಬಂದರು. "ರೀ, ಸ್ವಲ್ಪ ಕೂತ್ಕೊಳ್ಳಿ" ಎಂದೆ. ತಲೆ ಎತ್ತದೆ, ಬೋಗುಣಿಯನ್ನೇ ನೋಡುತ್ತಾ, ಟರ್ಮ್ ಡೆಪಾಸಿಟ್ ಇಲ್ಲ ಎಂಬಲ್ಲಿಂದ ಹಿಡಿದು ಎಲ್ಲ ಹೇಳಿದೆ.

"ಎಷ್ಟಕ್ಕೆ ತಗೊಂಡಿದ್ದೆ?" ಎಂದರು.

"ಅದನ್ನ ಕೇಳ್ಬೇಡಿ. ಈಗ ಎಷ್ಟಿದೆ ಅಂತ ಕೇಳಿ."

ಕೇಳಿದರು, ಹೇಳಿದೆ. ಹದಿನೆಂಟು ಸೆಂಟು. ಅವರು ಮುಖ ಒರೆಸಿಕೊಂಡರು. ಹಣದ ಬಗ್ಗೆ ಏನೋ ಅನ್ನುತ್ತಾರೆ ಅಂತ ಕಾದೆ.

"ಅಂದ್ರೆ... ಆ ಸ್ಪ್ರಿಂಗ್‌ಫೀಲ್ಡ್ ಮನೆ?"

"ಚೆನ್ನಾಗಿತ್ತು ರೀ. ವಾಸ್ತುನೂ ಸರಿಯಾಗೇ ಇತ್ತು."

"ಇಲ್ಲಿ ದಿಕ್ಕೆಲ್ಲಾ ತಿರುಗುತ್ತೆ ಅಂತ ಅಮ್ಮನಿಗೆ ಒಂದು ಗಂಟೆ ಬಿಡಿಸಿ ಹೇಳಿದ್ನಲ್ಲೇ," ಎಂದರು. ಎದ್ದು ಹಿತ್ತಲಿಗೆ ಹೋದರು. ಈಗಲೂ ಅಲ್ಲೇ ಬೇಲಿ ಹಿಡಿದುಕೊಂಡು ನಿಂತಿದ್ದಾರೆ. ಬೇಲಿಯ ಆಚೆ ಈಗ ಬೇರೆ ಯಾರೋ ಇದ್ದಾರೆ, ಅವರ ಪರಿಚಯ ನಮಗಿಲ್ಲ. ಇವರು ಒಳಗೆ ಬಂದು ಏನನ್ನುತ್ತಾರೋ, ಎಷ್ಟು ದಿನ ಮಾತು ಬಿಡುತ್ತಾರೋ, ಗೊತ್ತಿಲ್ಲ. ಬಿಡಲಿ, ನನಗೆ ಬರಬೇಕಾದ್ದೇ.

ಸೋಮವಾರ ಬೆಳಿಗ್ಗೆ ಮಾರುತ್ತೇನೆ. ಅಂಕಲ್‌ಗೆ ಹೇಳಿದ ಸುಳ್ಳು ಅವತ್ತು ನಿಜವಾಗುತ್ತದೆ. ಹೇಳೋಣವೆಂದರೆ ಅವರಿಲ್ಲ.