ರತ್ನಕ್ಕನ ಹೊಂಗೆ ಎಣ್ಣೆ ಸೋಪಾದ ದಿನ

ಎರಡು ವರ್ಷದ ಹಿಂದಿನ ಬೇಸಿಗೆ. ನಾನು ಒಂದು ಜೈವಿಕ ಇಂಧನ ಕೇಂದ್ರಕ್ಕೆ ಸಹಾಯಕನಾಗಿ ಸೇರಿ ಮೂರು ತಿಂಗಳಾಗಿತ್ತು. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವುದನ್ನು ಊರೂರಿಗೆ ಹೋಗಿ ತೋರಿಸುವುದು ನನ್ನ ಕೆಲಸ. ಆದರೆ ಕೆಲಸಕ್ಕಿಂತ ಮಿಮಿಕ್ರಿಯೇ ಜಾಸ್ತಿ. ಹೊನ್ನಾಳಿಯಲ್ಲಿ ಬಸ್ ಕಂಡಕ್ಟರನ ದನಿ, ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರಿಯ ಕೆಮ್ಮು, ನ್ಯಾಮತಿಯಲ್ಲಿ ನಮ್ಮ ಸಾಹೇಬರ ಭಾಷಣ, ಕೊನೆಗೆ ನನ್ನದೇ ಗೊರಕೆ. ಜನ ನಕ್ಕರೆ ಅರ್ಧ ಬಯೋಡೀಸೆಲ್ ಆದಂತೆ ಎಂದುಕೊಂಡಿದ್ದೆ.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರತ್ನಕ್ಕ ಎಂಬವರು ನಮ್ಮ ಮಾತು ನಂಬಿ, ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬದುಗಳಲ್ಲಿ, ರಸ್ತೆ ಬದಿಯಲ್ಲಿ ಹೊಂಗೆ ಕಾಯಿ ಆರಿಸಿದ್ದರು. ಪ್ರತಿ ವರ್ಷ ವ್ಯಾಪಾರಿ ಕೇಳಿದ ದರಕ್ಕೆ ಬೀಜ ಕೊಡುತ್ತಿದ್ದವರನ್ನು, ಈ ಸಲ ನಮ್ಮ ಟಿಲ್ಲರಿಗೆ ನಾವೇ ಡೀಸೆಲ್ ಮಾಡಿಕೊಳ್ಳೋಣ ಎಂದು ತಡೆದು ನಿಲ್ಲಿಸಿದ್ದು ಅವರೇ. ಒಂದಿಷ್ಟು ಬೀಜ ಗಾಣಕ್ಕೆ ಹಾಕಿಸಿ ಎಣ್ಣೆ ತಂದಿದ್ದರು. ಉಳಿದ ಮೂಟೆಗಳು ಅವರ ಜಗುಲಿಯಲ್ಲಿದ್ದವು. ಹೊಲ ಉಳುವ ಆ ಟಿಲ್ಲರ್ ಅವರ ಮೈದುನ ತಿಪ್ಪೇಸ್ವಾಮಿಯದು. ಅದು ಓಡದಿದ್ದರೆ ಮೂಟೆಗಳು ವ್ಯಾಪಾರಿಯ ಗಾಡಿ ಹತ್ತುತ್ತವೆ, ಇನ್ನು ಮುಂದೆ ಅತ್ತಿಗೆಯ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಅವನು ನಗುತ್ತಲೇ ಹೇಳಿಬಿಟ್ಟಿದ್ದ.

ಬೆಳಗ್ಗೆ ನಾನು ಡ್ರಮ್ ತೊಳೆದು ತಂದೆ. ರತ್ನಕ್ಕ ಬಗ್ಗಿ ನೋಡಿ, "ಒಳಗೆ ನೀರೈತೆ, ಒಣಗ್ಲಿ ತಡಿಯಪ್ಪ" ಎಂದರು. ನಾನು ತಲೆಯ ಮೇಲೆ ಟವೆಲ್ ಹೊದ್ದು, ಸೊಂಟಕ್ಕೆ ಕೈಯಿಟ್ಟು, ಅದೇ ಮಾತನ್ನು ಅವರದೇ ದನಿಯಲ್ಲಿ ಹೇಳಿದೆ. ಅಲ್ಲಿದ್ದ ನಾಲ್ಕೈದು ಹೆಂಗಸರು ನಕ್ಕರು. ರತ್ನಕ್ಕನೂ ನಕ್ಕರು. ಆ ಗತ್ತಿನಲ್ಲೇ ಅರ್ಧ ಎಣ್ಣೆ ಸುರಿದೆ. ಚೆನ್ನಾಗಿ ಕಾಯಿಸಿ ನೀರಿನಂಶ ತೆಗೆಯಬೇಕಿತ್ತು; ನೀರು ಉಳಿದರೆ ಎಣ್ಣೆ ಸೋಪಾಗಿಬಿಡುತ್ತದೆ. ನಾನು ಸುಮ್ಮನೆ ಬೆಚ್ಚಗೆ ಮಾಡಿ, ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಬೆರೆಸಿಬಿಟ್ಟೆ.

ಸಂಜೆ ಓಣಿಯವರೆಲ್ಲ ಸೇರಿದ್ದರು. ಮುಚ್ಚಳ ತೆಗೆದರೆ ತಳದಲ್ಲಿ ಗ್ಲಿಸರಿನ್, ಮೇಲೆ ತಿಳಿಯಾದ ಬಯೋಡೀಸೆಲ್ ಇರಬೇಕಿತ್ತು. ಇದ್ದದ್ದು ಅಂಬಲಿಯಂಥ ಸೋಪು. ತಿಪ್ಪೇಸ್ವಾಮಿ ಕೋಲಿನಿಂದ ತಿವಿದು ನೋಡಿ, "ಟಿಲ್ಲರಿಗೆ ಸ್ನಾನ ಮಾಡ್ಸಾಕೆ ಆಗ್ತೈತೆ ಬಿಡ್ರಿ" ಎಂದ. ನಾಳೆಯೇ ವ್ಯಾಪಾರಿಗೆ ಫೋನ್ ಮಾಡೋಣ ಎಂದರು ಒಂದಿಬ್ಬರು. ನನಗೆ ಇಪ್ಪತ್ತು ಜನರ ದನಿ ತೆಗೆಯಲು ಬರುತ್ತಿತ್ತು. ಅವತ್ತು ಒಂದೂ ಹೊರಡಲಿಲ್ಲ.

ಆಗ ರತ್ನಕ್ಕ, "ಹುಡುಗಂದೇನೂ ತಪ್ಪಿಲ್ಲ. ಡ್ರಮ್ ಒಣಗಿಸಾಕೆ ನಾನೇ ಮರ್ತಿದ್ದೆ" ಎಂದರು. ಬೆಳಗ್ಗೆ ನಕ್ಕಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ಓಣಿಯ ಮುಂದೆ ತಮ್ಮ ಮಾತಿಗಿದ್ದ ಬೆಲೆಯನ್ನು ಅವರು ಬೇರೆ ಊರಿನ ಒಬ್ಬ ತಲೆಹರಟೆಗಾಗಿ ಬಿಟ್ಟುಕೊಟ್ಟಿದ್ದರು.

ನನಗೆ ತಡೆಯಲಾಗಲಿಲ್ಲ. "ಇಲ್ರೀ, ಅಕ್ಕೋರು ಬ್ಯಾಡ ಅಂದಿದ್ರು. ನಾನೇ ಅವರನ್ನ ಅಣಕಿಸ್ಕೊಂತ ಸುರಿದೆ" ಎಂದೆ. ಉಳಿದ ಎಣ್ಣೆಯಲ್ಲಿ ಇನ್ನೊಂದು ಸಲ ಮಾಡಲು ಬಿಡಿ ಎಂದು ಕೇಳಿಕೊಂಡೆ. ತಿಪ್ಪೇಸ್ವಾಮಿ ಕೋಲು ಬಿಸಾಡಿ, ವ್ಯಾಪಾರಿಗೆ ಎರಡು ದಿನ ಬಿಟ್ಟು ಹೇಳೋಣ ಎಂದ.

ಮರುದಿನ ರತ್ನಕ್ಕ ಒಲೆಯ ಪಕ್ಕದಲ್ಲೇ ಕೂತರು. ನೀರಿರುವ ಎಣ್ಣೆ ಕಾಯುವಾಗ ಚಟಪಟ ಎನ್ನುತ್ತದೆ. "ಅದು ಬಾಯಿ ಮುಚ್ಚಾವರೆಗೆ ನೀನೂ ಮುಚ್ಚು" ಎಂದರು. ಮುಚ್ಚಿದ್ದೆ. ಅದರ ಮಾರನೆಯ ದಿನ, ಸೋಡಾ ಹೋಗುವಂತೆ ತೊಳೆದು, ಮತ್ತೆ ನೀರು ಆರಿಸಿದ ಬಯೋಡೀಸೆಲ್ ಹಾಕಿ ತಿಪ್ಪೇಸ್ವಾಮಿ ಹ್ಯಾಂಡಲ್ ತಿರುಗಿಸಿದ. ಎರಡನೇ ಸಲಕ್ಕೆ ಟಿಲ್ಲರ್ ಚಾಲೂ ಆಯಿತು. ಹೊಗೆಯಲ್ಲಿ ಬಜ್ಜಿ ಕರಿದ ವಾಸನೆ. ಅವನು ಟಿಲ್ಲರನ್ನು ಹೊಲದ ಕಡೆ ತಿರುಗಿಸಿದ. ರತ್ನಕ್ಕ ನನ್ನ ಟವೆಲ್ ಕಿತ್ತು ಹೆಗಲಿಗೆ ಹಾಕಿಕೊಂಡು, ಬಾಯಿ ಒಣಗಿಸಿಕೊಂಡು ತಪ್ಪೊಪ್ಪಿಕೊಂಡ ನನ್ನನ್ನು ನನಗಿಂತ ಚೆನ್ನಾಗಿ ಮಾಡಿ ತೋರಿಸಿದರು. ಓಣಿಯೆಲ್ಲ ನಕ್ಕಿತು. ಮೂಟೆಗಳು ಜಗುಲಿಯಲ್ಲೇ ಉಳಿದವು.

ಈಗಲೂ ಊರೂರು ತಿರುಗುತ್ತೇನೆ, ಎಲ್ಲರನ್ನೂ ಅಣಕಿಸುತ್ತೇನೆ; ಆದರೆ ಎಣ್ಣೆಯ ಚಟಪಟ ನಿಂತ ಮೇಲೆ. ರತ್ನಕ್ಕನ ನಗು, ಬೈಗುಳ ಎಲ್ಲವೂ ನನಗೆ ಬರುತ್ತವೆ. "ನಾನೇ ಮರ್ತಿದ್ದೆ" ಎಂದ ಆ ಸಂಜೆಯ ದನಿ ಮಾತ್ರ, ಎಷ್ಟು ಪ್ರಯತ್ನಿಸಿದರೂ, ಇನ್ನೂ ಬಂದಿಲ್ಲ.