ಕೆಳಗಿನ ಓಣಿಯ ಅರಿವೆ

ನಮ್ಮ ಮಂಡಳಿಯ ಸಭೆ ನಡೆಯುತ್ತಿದ್ದುದು ಇಬ್ರಾಹಿಂಪುರದ ಹತ್ತಿರ, ಡಾಕ್ಟರರ ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ. ರೈಲುಹಳಿ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಗಾಡಿ ಬಂತೆಂದರೆ ಮಾತು ನಿಲ್ಲಬೇಕು. ನಮ್ಮ ವಕೀಲರು ಅರ್ಧ ವಾಕ್ಯದಲ್ಲಿದ್ದರೆ ಬೆರಳನ್ನು ಹಾಗೇ ಎತ್ತಿ ಹಿಡಿದು ಕೂಡುತ್ತಿದ್ದರು. ಕೊನೆಯ ಡಬ್ಬಿ ದಾಟಿದ ಮೇಲೆ ಬೆರಳು ಇಳಿಯುತ್ತಿತ್ತು, ವಾಕ್ಯ ಬಿಟ್ಟಲ್ಲಿಂದ ಮುಂದೆ ಹೋಗುತ್ತಿತ್ತು. ಇಂದಿಗೂ ಎಲ್ಲಾದರೂ ರೈಲಿನ ಸದ್ದು ಕೇಳಿದರೆ ನನಗೆ ಆ ಬೆರಳು ಕಾಣುತ್ತದೆ.

ಎರಡನೆಯ ಮಹಾಯುದ್ಧದ ವರ್ಷಗಳವು. ಊರಿಗೆ ನಾವಿನ್ನೂ ವಿಜಾಪುರ ಅನ್ನುತ್ತಿದ್ದೆವು. ಮಂಡಳಿಗೆ ರೋಗ ಸಂಶೋಧನೆ ಅಂತೆಲ್ಲ ಉದ್ದನೆಯ ಹೆಸರಿತ್ತು. ಮಂದಿ ಮಾತ್ರ 'ನಾರಿನ ಕಮಿಟಿ' ಅನ್ನುತ್ತಿದ್ದರು. ನಾರು ಅಂದರೆ ನಾರುಹುಣ್ಣು. ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ಒಳಗಿಂದ ಬಿಳಿ ದಾರದಂಥ ಹುಳ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು, ಹರಿಯಬಾರದು. ಎಳೆದು ಮುಗಿಯುವ ತನಕ ಮನುಷ್ಯ ಹಾಸಿಗೆಯಲ್ಲಿ, ಹೊಲ ಬೀಳು. ಈಗಿನವರಿಗೆ ಹೇಳಿದರೆ ಅಜ್ಜಿಯ ಕಥೆ ಅಂದುಕೊಳ್ಳುತ್ತಾರೆ.

ಮಂಡಳಿಯಲ್ಲಿ ನಾವು ಐದು ಜನ. ಡಾಕ್ಟರರು ಟಿಕೋಟಾದ ಕಡೆಯವರು, ಮುಂಬಯಿಯಲ್ಲಿ ಕಲಿತು ಊರಿಗೆ ಮರಳಿದವರು. ಚೇರಮನ್ನರಾಗಿದ್ದವರು ಪೇಟೆಯ ಅರಿವೆ ಅಂಗಡಿಯ ಮುಪ್ಪಿನ ಸಾವಕಾರರು. ಬೆರಳಿನ ವಕೀಲರ ವಿಷಯ ಹೇಳಿಯಾಯಿತು. ಬಬಲೇಶ್ವರದ ಕಡೆಯ ಗೌಡರೊಬ್ಬರು. ಐದನೆಯವಳು ನಾನು, ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದ ಅಕ್ಕೋರು. ಮನೆ ಮನೆಯ ಒಳಗೆ ಹೋಗಿ ನೀರಿನ ಕೊಡ ನೋಡಿ ಬರಲು ಹೆಣ್ಣೇ ಬೇಕೆಂದು ನನ್ನನ್ನು ಸೇರಿಸಿಕೊಂಡಿದ್ದರು. ಠರಾವು ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ನಮ್ಮಲ್ಲೊಂದು ಕಟ್ಟಳೆ: ಐವರೂ ಹೂಂ ಅನ್ನದೆ ಠರಾವು ಪುಸ್ತಕಕ್ಕೆ ಏರುವಂತಿಲ್ಲ.

ಆಗ ಕೈಗೆತ್ತಿಕೊಂಡಿದ್ದ ಕೆಲಸ ಇದು. ಬಬಲೇಶ್ವರದಿಂದ ಒಳಗೆ ಒಂದು ಹಳ್ಳಿ, ಹೆಸರು ಬೇಡ. ಊರಿಗೆಲ್ಲ ಒಂದೇ ಮೆಟ್ಟಿಲ ಬಾವಿ. ಹುಣ್ಣಿನ ಕಾಲಿನವರೂ ಮೆಟ್ಟಿಲಿಳಿದು ನೀರಲ್ಲಿ ನಿಂತೇ ಕೊಡ ತುಂಬಬೇಕು. ಹುಳದ ಮರಿ ನೀರಿಗೆ ಇಳಿಯುವುದು ಅಲ್ಲೇ. ಆ ನೀರು ಕುಡಿದವರಿಗೆ ಮರುವರ್ಷ ಅದೇ ಪಾಡು. ಮೆಟ್ಟಿಲು ಮುಚ್ಚಿ, ಮೇಲೆ ಗಡಗಡಿ ಹಾಕಿ ಹಗ್ಗದಿಂದ ಸೇದುವಂತೆ ಮಾಡಿದರೆ ಊರು ಉಳಿದೀತು ಎಂದು ಡಾಕ್ಟರರು ಬಾವಿಯ ಕೆಲಸ ನೋಡುವ ಸಾಹೇಬರಿಗೆ ಅರ್ಜಿ ಕೊಟ್ಟರು. ರೋಗ ನೀರಿನಿಂದಲೇ ಬರುತ್ತದೆ ಅನ್ನುವುದನ್ನು ಇದೇ ಊರಿನಲ್ಲಿ ತೋರಿಸಿ, ಆಮೇಲೆ ನೋಡೋಣ ಅಂದರು ಸಾಹೇಬರು.

ಡಾಕ್ಟರರು ಹೂಡಿದ ಉಪಾಯ ಸರಳವಾದದ್ದು. ಮೇಲಿನ ಓಣಿಯ ಮನೆಗಳಿಗೆಲ್ಲ ನಾಕು ಪದರು ಮಡಚಿ ಹೊಲಿದ ಮಂಜರಪಾಟದ, ಅಂದರೆ ಒರಟು ಹತ್ತಿಬಟ್ಟೆಯ, ಅರಿವೆ ಕೊಡುವುದು. ಅವರು ನೀರನ್ನು ಸೋಸಿಯೇ ಕುಡಿಯಬೇಕು. ಕೆಳಗಿನ ಓಣಿಗೆ ಏನೂ ಕೊಡುವುದಿಲ್ಲ. ಎರಡೂ ಓಣಿಗೆ ಬಾವಿ ಒಂದೇ. ಒಂದು ಬೇಸಿಗೆ ಕಳೆದು ಮತ್ತೊಂದು ಬೇಸಿಗೆ ಬಂದಾಗ ಯಾವ ಓಣಿಯಲ್ಲಿ ನಾರು ಹೊರಡುತ್ತದೆ, ಯಾವುದರಲ್ಲಿ ಇಲ್ಲ ಎಂದು ಪಟ್ಟಿ ಮಾಡುವುದು. ಪಟ್ಟಿ ಕೈಗೆ ಬಂದರೆ ಮೆಟ್ಟಿಲು ಮುಚ್ಚುತ್ತವೆ.

ಸಂಕ್ರಾಂತಿ ಕಳೆದ ಮೇಲೆ ನಾವು ಐವರೂ ಹೋಗಿ ಮೇಲಿನ ಓಣಿಗೆ ಅರಿವೆ ಹಂಚಿ ಬಂದೆವು. ಅರಿವೆಗೂ ರೇಶನ್ನು ಇದ್ದ ಕಂಟ್ರೋಲಿನ ಕಾಲ, ಸಿಕ್ಕ ಪರವಾನಗಿಗೆ ಅರಿವೆ ಬಂದದ್ದು ಒಂದೇ ಓಣಿಗಾಗುವಷ್ಟು. ತಿಂಗಳಿಗೊಮ್ಮೆ ನಾನು ಹೋಗಿ ಮೇಲಿನ ಓಣಿಯ ಕೊಡಗಳನ್ನು ನೋಡಿಬರುತ್ತಿದ್ದೆ. ಕೆಳಗಿನ ಓಣಿಯ ಕಡೆ ಕಾಲು ಹಾಕಬೇಡಿ, ಸುಮ್ಮನೆ ಮಾತು ಹಬ್ಬುತ್ತದೆ ಎಂದು ಡಾಕ್ಟರರು ಹೇಳಿದ್ದರು. ನಾನೂ ಹಾಕಿರಲಿಲ್ಲ.

ಶ್ರಾವಣದಲ್ಲಿ ಹಾಕಬೇಕಾಗಿ ಬಂತು. ಪೇಟೆಯ ಸೋದರಮಾವನ ಮನೆಯಲ್ಲಿದ್ದು ನಮ್ಮ ಸಾಲೆ ಕಲಿತ ಹುಡುಗಿಯೊಬ್ಬಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ತವರು ಅದೇ ಕೆಳಗಿನ ಓಣಿ. ನಾನು ಮೇಲಿನ ಓಣಿಯಲ್ಲಿದ್ದೇನೆಂದು ತಿಳಿದು ಕರೆಕಳಿಸಿದಳು. ಕೂಸನ್ನು ನೋಡದೆ ಹೇಗೆ ಬರಲಿ? ಹೋದೆ. ಕೂಸಿನ ಕೈಗೆ ಬೆರಳು ಕೊಟ್ಟು ತಲೆ ಎತ್ತಿದರೆ, ಮೂಲೆಯಲ್ಲಿ ನೀರಿನ ಹಂಡೆ, ಅದರ ಬಾಯಿಗೆ ನಾಕು ಪದರಿನ ಅರಿವೆ. ಮಂಜರಪಾಟವಲ್ಲ. ಕೈಮಗ್ಗದ ನಯವಾದ ಧೋತರ, ಹೆಬ್ಬೆರಳಗಲ ಅಂಜೂರದ ಬಣ್ಣದ ಅಂಚು. ಆ ಅಂಚಿನ ಧೋತರ ಉಡುವವರು ವಿಜಾಪುರದ ಪೇಟೆಯಲ್ಲಿ ಒಬ್ಬರೇ ಇದ್ದರು.

"ಇದು ಯಾರ ಕೊಟ್ಟಾರವ್ವಾ?" ಅಂದೆ.

"ನಮಗಷ್ಟ ಅಲ್ರಿ ಅಕ್ಕೋರ, ಓಣಿಗೆಲ್ಲಾ ಬಂದೈತಿ. ನೀವು ಮ್ಯಾಲಿನ ಓಣಿಗೆ ಕೊಟ್ಟ ಹೋಗಿ ಒಂದ ವಾರಕ್ಕ ಸಾವಕಾರ್ರ ಆಳು ಚಕ್ಕಡ್ಯಾಗ ತಂದ ಕೊಟ್ಟಾನ. ನೀವ ಕಳಿಸಿದ್ದಲ್ಲೇನ್ರಿ?"

ನಾನು ಕೂಸಿನ ಮುಷ್ಟಿಯಿಂದ ಬೆರಳು ಬಿಡಿಸಿಕೊಂಡು ಎದ್ದೆ. ಮರುದಿನ ಸಾಲೆ ಬಿಟ್ಟವಳೇ ಅಂಗಡಿಗೆ ಹೋದೆ.

"ಸಾವಕಾರ್ರ, ಕೆಳಗಿನ ಓಣ್ಯಾಗ ನಿಮ್ಮ ಧೋತರಾ ನೋಡಿ ಬಂದ್ನಿ."

ಅವರು ಗಜಕಟ್ಟಿಗೆ ಕೆಳಗಿಟ್ಟರು. "ಯಾರು ಉಟ್ಟಿದ್ರವಾ?"

"ಹಂಡೆ ಉಟ್ಟಿದ್ವುರಿ."

ಹಲ್ಲಿಲ್ಲದ ಬಾಯಲ್ಲಿ ನಕ್ಕುಬಿಟ್ಟರು, ನನಗೂ ನಗು ಬಂತು. "ಡಾಕ್ಟರಗ ನಾನ ಹೇಳ್ತೀನಿ ತಂಗಿ," ಅಂದರು. "ನೀ ಸಭಾ ಕರಿ."

ಸಭೆಯಲ್ಲಿ ಒಂದೂ ಮುಚ್ಚಿಡದೆ ಹೇಳಿದರು. ಹೊಸ ಅರಿವೆ ಸಿಗುವ ಹಾಗಿರಲಿಲ್ಲ; ಮನೆಯ ಟ್ರಂಕು ತೆಗೆದು ತಮ್ಮವೇ ಧೋತರಗಳನ್ನು ಕತ್ತರಿಸಿ ಹೊಲಿಸಿದ್ದರು.

"ಅದಕ್ಕ ಅಂತೀನಿ!" ಗೌಡರು ತೊಡೆ ತಟ್ಟಿದರು. "ಆರು ತಿಂಗಳಾತು, ಸಾವಕಾರ್ರು ತ್ಯಾಪಿ ಹಚ್ಚಿದ ಧೋತರಾ ಉಟಗೊಂಡ ಅಡ್ಡಾಡಾಕತ್ತಾರ. ಅರಿವಿ ಅಂಗಡಿ ಸಾವಕಾರ್ನ ಕಂಟ್ರೋಲಿಗೆ ಹೆದರ್ಯಾನಂತ ಊರೆಲ್ಲಾ ಹೇಳ್ಕೋತ ಬಂದೀನಲ್ರಿ ನಾ!"

ಡಾಕ್ಟರರು ನಗಲಿಲ್ಲ. "ಎಷ್ಟ ಮನಿಗೆ ಕೊಟ್ರಿ?"

"ಎಲ್ಲಾ ಮನಿಗೂ."

"ಒಂದ ನಾಕ ಮನಿ ಬಿಟ್ಟಿಲ್ಲೇನ್ರಿ?"

"ಬಿಡಾಕ ಬರ್ತಿದ್ರ ಎಲ್ಲಾನೂ ಬಿಡತಿದ್ನೆಲ್ರಿ ಡಾಕ್ಟರ," ಅಂದರು ಸಾವಕಾರರು. "ಅವತ್ತ ನಾವು ಮ್ಯಾಲಿನ ಓಣ್ಯಾಗ ಹಂಚುವಾಗ ಕೆಳಗಿನ ಓಣಿ ಹೆಣ್ಮಕ್ಕಳು ಕೊಡಾ ಟೊಂಕಕ್ಕ ಇಟಗೊಂಡು ಸಾಲಾಗಿ ನಿಂತ ನೋಡಾಕತ್ತಿದ್ರು. ಒಬ್ಬಾಕಿನೂ ಬಾಯಿಬಿಟ್ಟ ಕೇಳಲಿಲ್ಲ. ಒಂದ ಪಂಗ್ತ್ಯಾಗ ಕುಂಡ್ರಿಸಿ ಈ ಕಡೆಯವರಿಗೆ ಹೋಳಿಗಿ, ಆ ಕಡೆಯವರಿಗೆ ಬರೇ ಎಲಿ ಹಾಕಿದ್ಹಂಗಾತು ನನಗ. ಮನಿಗೆ ಬಂದು ಮೂರ ದಿನಾ ಉಂಡಿದ್ದು ಮೈಗೆ ಹತ್ತಲಿಲ್ಲ."

ಅವರ ಮನೆಯ ಊಟ ಬಲ್ಲವರಿಗೆ ಈ ಮಾತಿನ ತೂಕ ಗೊತ್ತು. ನೂರು ಎಲೆ ಬಿದ್ದರೂ ಸಾವಕಾರರು ತಾವೇ ತುಪ್ಪದ ಗಿಂಡಿ ಹಿಡಿದು ಪಂಕ್ತಿಯ ಕೊನೆಯ ಎಲೆಯಿಂದ ಶುರುಮಾಡುತ್ತಿದ್ದರು. ಕೊನೆಯವರಿಗೆ ಕಡಿಮೆ ಬೀಳುತ್ತದಂತೆ.

"ಇದು ಊಟದ ಪಂಗ್ತಿ ಅಲ್ರಿ!" ಡಾಕ್ಟರರ ದನಿ ಏರಿತು. "ಎರಡೂ ಓಣಿಗೆ ಅರಿವಿ ಹೋದ ಮ್ಯಾಲೆ ನಾ ಏನ ತೋರಸ್ಲಿ? ಯಾವದರ ಮುಂದ ಯಾವದನ್ನ ಇಟ್ಟ ನೋಡ್ಲಿ? ಅರಿವಿ ಇವತ್ತ ಇರತೈತಿ, ನಾಳೆ ಹರೀತೈತಿ. ಮೆಟ್ಟಲಾ ಮುಚ್ಚಿದ್ರ ಅವರ ಮೊಮ್ಮಕ್ಕಳ ತನಕಾ ಆಗತಿತ್ತು."

ಅವರ ಮಾತೂ ನಿಜವೇ ಆಗಿತ್ತು. ನನ್ನ ಕಸಿವಿಸಿ ಇದ್ದುದು ಅಲ್ಲೇ.

ಕೊನೆಗೆ ಡಾಕ್ಟರರೇ ಠರಾವು ಹೇಳಿದರು. ಕೆಳಗಿನ ಓಣಿಯ ಅರಿವೆಗಳನ್ನು ವಾಪಸು ತರಬೇಕು. ಬರುವ ಬೇಸಿಗೆಯಿಂದ ಲೆಕ್ಕ ಹೊಸದಾಗಿ ಶುರು. ವಕೀಲರು ನಿಯಮಕ್ಕೆ ಸರಿಯಿದೆ ಅಂದರು. ಗೌಡರು ನೆಲ ನೋಡುತ್ತ, "ಬಾವಿ ಸುಧಾರಸ್ತೈತಿ ಅಂದ್ರ ಹೂಂ," ಅಂದರು. "ತಪ್ಪ ಮಾಡಿದಾಂವ ನಾನು, ಹೂಂ ಅನ್ನದ ಏನ ಮಾಡ್ಲಿ," ಅಂದರು ಸಾವಕಾರರು. ಅಂದು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರಸಿಕೊಂಡರು. ಉಳಿದವಳು ನಾನು.

"ಕೊಟ್ಟದ್ದನ್ನ ತಿರುಗಿ ಕೇಳಾಕ ನಾ ಹೋಗೂದಿಲ್ರಿ," ಅಂದೆ. ಲೇಖಣಿ ಕೆಳಗಿಟ್ಟೆ. ನಾಕು ಜನ ಹಿರಿಯರು. ಮೂವತ್ತು ತುಂಬದವಳು ನಾನು.

"ನೀವು ಬ್ಯಾಡ್ರಿ. ನಾನ ಕೇಳ್ತೀನಿ," ಅಂದರು ಡಾಕ್ಟರರು. "ಮನಿ ತೋರಸ್ರಿ ಸಾಕು. ಬಂದ ಮ್ಯಾಲೆ ಹೂಂ ಅನ್ರಿ, ಇಲ್ಲಾ ಬಿಡ್ರಿ." ಠರಾವು ಅರ್ಧ ಬರೆದಲ್ಲಿಗೆ ನಿಂತಿತು.

ಮರುದಿನ ಐತವಾರ, ಡಾಕ್ಟರರೂ ನಾನೂ ಹೊರಟೆವು. ಪೆಟ್ರೋಲು ಸಿಗದ ಕಾಲದ ಇದ್ದಿಲಿನ ಬಸ್ಸು. ಸಾರವಾಡ ಬರುವುದರೊಳಗೆ ಎರಡು ಸಲ ಉಸಿರು ಬಿಟ್ಟಿತು. ಕಂಡಕ್ಟರ್ ಇಳಿದು ಹಿಂದಿನ ಒಲೆಯ ಗಾಳಿಚಕ್ರ ತಿರುವಿದ. ಇಳಿದ ಮೇಲೆ ಮಳೆಗೆ ನೆನೆದ ಎರೆಮಣ್ಣಿನ ದಾರಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು.

ಮೊದಲಿಗೆ ಬಾಣಂತಿಯ ಮನೆಗೇ ಕರೆದೊಯ್ದೆ. ಬಾಗಿಲಲ್ಲಿ ಅವಳ ಅಜ್ಜಿ ಕೂತಿದ್ದಳು. ಎರಡು ಬೇಸಿಗೆ ಸಾಲಾಗಿ ನಾರು ಹೊರಟು, ಒಂದು ಕಾಲು ಸೆಟೆದೇ ಉಳಿದ ಮುದುಕಿ. ಡಾಕ್ಟರರು ನಿಂತೇ ಹೇಳಿದರು, ಮುಚ್ಚುಮರೆ ಇಲ್ಲದೆ. ಅರಿವೆ ತಪ್ಪಿ ಬಂದಿದೆ, ವಾಪಸು ಬೇಕು, ಇದರಿಂದ ಮುಂದೆ ಬಾವಿಗೆ ಒಳ್ಳೆಯದಾಗುತ್ತದೆ ಅಂತೆಲ್ಲ. ಮುದುಕಿ ಕೇಳಿಸಿಕೊಂಡಳು.

"ತಪ್ಪಿ ಬಂದಿದ್ರ ಒಯ್ಯಪ್ಪಾ. ಮಂದೀದು ನಮಗ್ಯಾಕ? ಆದ್ರ ಹಸಿ ಐತಿ, ಮಾಸೈತಿ. ಹಂಗ ಕೊಡಬಾರದು. ಕುಂಡ್ರು, ಒಗದ ಕೊಡ್ತೀನಿ."

"ಬ್ಯಾಡ್ರಿ ಆಯಿ, ಹಂಗ ಕೊಡ್ರಿ."

"ಏ, ಸುಮ್ನ ಕುಂಡ್ರು ಮಾರಾಯಾ! ಡಾಕ್ಟರಕಿ ಕಲ್ತಿ, ಕುಂಡ್ರೂದು ಕಲ್ತಿಲ್ಲೇನು?"

ಡಾಕ್ಟರರು ಕೂತರು. ಮುದುಕಿ ಕಾಲೆಳೆಯುತ್ತ ಹಂಡೆಯ ಅರಿವೆ ಬಿಚ್ಚಿದಳು. ಹಿತ್ತಲಲ್ಲಿ ಸೀಗೆಪುಡಿ ಹಾಕಿ ತಿಕ್ಕಿ, ಹಿಂಡಿ, ಬಿಸಿಲಿಗೆ ಹರವಿದಳು. ಒಣಗುವ ತನಕ ನಮಗೆ ಚುರಮುರಿ ಕೊಟ್ಟಳು, ಕೂಸನ್ನು ಡಾಕ್ಟರರ ತೊಡೆಯ ಮೇಲಿಟ್ಟಳು. ಒಣಗಿದ ಮೇಲೆ ಅರಿವೆಯ ಮಡಿಕೆ ಬಿಡಿಸಿ ಎರಡು ಹಿಡಿ ಶೇಂಗಾ, ಒಂದು ಹೆಂಟೆ ಬೆಲ್ಲ ಹಾಕಿದಳು. ನಾಕು ಮೂಲೆ ಸೇರಿಸಿ ಗಂಟು ಕಟ್ಟಿದಳು. ಬೇರೆಯವರ ಪಾತ್ರೆ-ಪಡಗ ನಮ್ಮ ಸೀಮೆಯಲ್ಲಿ ಯಾರೂ ಬರಿದಾಗಿ ಮರಳಿಸುವುದಿಲ್ಲ. ಅರಿವೆಗೂ ಅದೇ ರೀತಿ ಅಂತ ಅವಳ ಲೆಕ್ಕ.

"ತೊಗೋಪಾ. ಆರು ತಿಂಗಳ ಇಟಗೊಂಡಿದ್ವಿ. ಬರೇ ಕೊಡಾಕ ಮನಸ ಬರೂದಿಲ್ಲ."

ಡಾಕ್ಟರರು ಗಂಟು ಹಿಡಿದು ಕೂತೇ ಇದ್ದರು. ಅಷ್ಟರಲ್ಲಿ ಬಾಣಂತಿಯ ತಂಗಿ ಬಾವಿಯಿಂದ ಕೊಡ ತುಂಬಿ ತಂದು ಹಂಡೆಗೆ ಸುರಿಯಹೋದಳು, ಬಾಯಿಗೆ ಅರಿವೆಯಿಲ್ಲದ ಹಂಡೆಗೆ. ಅವಳ ತೋಳನ್ನು ಅವರು ಹಿಡಿದದ್ದು ನನಗೀಗಲೂ ಕಣ್ಣಿಗೆ ಕಟ್ಟಿದಂತಿದೆ.

"ತಡಿ ತಂಗಿ."

ಗಂಟು ಬಿಚ್ಚಿದರು. ಶೇಂಗಾ, ಬೆಲ್ಲ ತಮ್ಮ ಕೋಟಿನ ಕಿಸೆಗೆ ಹಾಕಿಕೊಂಡರು. ಅರಿವೆಯನ್ನು ಮತ್ತೆ ನಾಕು ಪದರು ಮಡಚಿ, ತಾವೇ ಹಂಡೆಯ ಬಾಯಿಗೆ ಕಟ್ಟಿದರು. ಕೈ ಪಳಗಿರಲಿಲ್ಲ, ಮುದುಕಿ, "ಬಿಗಿ, ಇನ್ನಾ ಬಿಗಿ," ಅನ್ನುತ್ತ ನಿಂತಿದ್ದಳು. ಮುಂದಿನ ಮನೆಗೆ ನಾವು ಹೋಗಲೇ ಇಲ್ಲ.

ಬಸ್ಸಿನಲ್ಲಿ ಬೆಲ್ಲ ಮುರಿದು ನನಗೆ ಅರ್ಧ ಕೊಟ್ಟರು. "ಪುರಾವೆ ಹೋತ್ರಿ ಅಕ್ಕೋರ," ಅಂದರು. "ಮೆಟ್ಟಲಾ ಮುಚ್ಚೂದೂ ಹೋತು."

ಮರುವರ್ಷದ ಬೇಸಿಗೆಯಲ್ಲಿ ಪಟ್ಟಿ ಹಿಡಿದು ಎರಡೂ ಓಣಿ ತಿರುಗಿದೆ. "ಯಾರ ಕಾಲಾಗರ ನಾರು ಹೊಂಟೈತೇನ್ರೇ?" ಅಂತ ಬಾಗಿಲಲ್ಲಿ ಕೇಳುವುದು, "ಇಲ್ರಿ ಅಕ್ಕೋರ" ಅಂತ ಒಳಗಿಂದ ಬರುವುದು, 'ಇಲ್ಲ' ಎಂದು ಬರೆಯುವುದು. ಮೇಲಿನ ಓಣಿಯಲ್ಲಿ ಇಲ್ಲ, ಕೆಳಗಿನ ಓಣಿಯಲ್ಲೂ ಇಲ್ಲ. ಒಂದೇ ಮನೆಯಲ್ಲಿ ಒಬ್ಬನಿಗೆ ಇತ್ತು. ಅವನು ಬೇರೆ ಊರಿನಿಂದ ಬಂದ ಅಳಿಯ. ಅಷ್ಟು ಸಲ 'ಇಲ್ಲ' ಬರೆದು ಅಷ್ಟು ಹಿಗ್ಗಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಡಾಕ್ಟರರು ಆ ಪಟ್ಟಿಯನ್ನೇ ಸಾಹೇಬರಲ್ಲಿಗೆ ಒಯ್ದರು. ಅರಿವೆ ಎರಡೂ ಓಣಿಗೆ ಹೋದದ್ದನ್ನು ಬಚ್ಚಿಡಲಿಲ್ಲ. ಹಿಂದಿನ ಬೇಸಿಗೆಗಳಲ್ಲಿ ಆ ಊರು ಹೇಗೆ ನರಳಿತ್ತು ಎಂಬುದನ್ನೂ ಬಾಯಿಂದ ಹೇಳಿದರು. ಮರಳಿ ಬಂದು ಸಭೆಯಲ್ಲಿ ಸಾಹೇಬರ ದನಿ ತೆಗೆದೇ ತೋರಿಸಿದರು: "ಎರಡೂ ಓಣಿ ಆರಾಮ ಅದಾವಂದ್ರ, ಮೆಟ್ಟಲಾ ಯಾಕ ಮುಚ್ಚಬೇಕ್ರಿ ಡಾಕ್ಟರ?"

ಗೌಡರು ಸಾಹೇಬರ ವಂಶಕ್ಕೆಲ್ಲ ಒಂದು ಮಾತು ಅಂದರು. ಅದನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ, ಇಲ್ಲೂ ಬರೆಯುವುದಿಲ್ಲ. ಸಾವಕಾರರು ಚೇರಮನ್ನರ ಕುರ್ಚಿಯಿಂದ ಎದ್ದು ನಿಂತರು. "ನನ್ನಿಂದ ಆದದ್ದಿದು. ಈ ಕುರ್ಚಿ ಬ್ಯಾರೆಯವರಿಗೆ ಕೊಡ್ರಿ," ಅಂದರು. ವಕೀಲರು ಏನೋ ಹೇಳಲು ಬೆರಳೆತ್ತಿದರು.

"ಕುಂಡ್ರ್ರಿ ಸಾವಕಾರ್ರ," ಡಾಕ್ಟರರು ತಡೆದರು. "ಕುರ್ಚಿ ಮಾತು ಆಮ್ಯಾಲೆ. ಬಾವಿ ಕೆಲಸಕ್ಕ ನಾ ಮತ್ತ ಅರ್ಜಿ ಕೊಡ್ತೀನಿ, ಅವರು ಬ್ಯಾಡ ಅನ್ನೂ ತನಕ ಕೊಡ್ತೀನಿ, ಅಂದ ಮ್ಯಾಲೂ ಕೊಡ್ತೀನಿ. ಅಕ್ಕೋರ, ಆ ಅಳಿಯಾ ಯಾವ ಊರಾಂವ ಅಂತ ಪಟ್ಟ್ಯಾಗ ಬರದೀರಲ್ಲ?"

ಬರೆದಿದ್ದೆ. ಊರಿನ ಹೆಸರು ಓದಿದೆ.

"ಹಂಗಾದ್ರ ಠರಾವು ಬರಕೋರಿ. ಈ ವರ್ಷ ಆ ಊರಿಗೆ ಅರಿವಿ."

"ಯಾವ ಓಣಿಗ್ರಿ?" ಅಂದರು ವಕೀಲರು, ರೂಢಿಯಂತೆ.

"ಇದ್ದಷ್ಟು ಓಣಿಗೂ."

ನಾನು ಬರೆದೆ. ಹೂಂ ಅನ್ನುವ ಸರದಿ ಸಾವಕಾರರಿಂದ ಶುರುವಾಗಬೇಕಿತ್ತು. ಅವರು ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಅವರ ಪಾಲಿನದನ್ನೂ ಸೇರಿಸಿ ನಾನೇ ಎರಡು ಸಲ ಹೂಂ ಅಂದೆ. ನಿಯಮ ಬಲ್ಲ ವಕೀಲರು ಕೇಳಿಸಿಯೂ ಕೇಳದವರಂತೆ ಕಿಟಕಿಯ ಆಚೆ ನೋಡಿದರು.